ಬಣ್ಣಕ್ಕೆ ಮರುಳಾಗುವ ಮೊದಲು ಅಂಚು ನೋಡಿ

ಎಂಬತ್ತರ ದಶಕದ ‘ಮೆಂಫಿಸ್’ ಪೀಠೋಪಕರಣಗಳಿಗೆ ಈಗ ಮತ್ತೆ ಶುಕ್ರದೆಸೆ. ಅಸಲಿಯನ್ನು ಗುರುತಿಸುವುದು, ಕೊಳ್ಳುವುದು, ಜೋಪಾನ ಮಾಡುವುದು ಹೇಗೆ? ಅದೇ ಧಾಟಿಯ ಒಂದು ಮೇಜನ್ನು ಬಡಗಿಯ ಕೈಲಿ ಮಾಡಿಸಿಕೊಳ್ಳುವುದು ಹೇಗೆ?

ದರ್ಶಿನಿಯ ಮೇಜಿಗೂ ಅಡುಗೆಮನೆಯ ಕಪಾಟಿಗೂ ಅಂಟಿಸುವ ಸನ್ಮೈಕಾ ಇದೆಯಲ್ಲ, ಅಂಥದ್ದೇ ಹಾಳೆಯನ್ನು ಮೈತುಂಬ ಹೊದ್ದ ಕಪಾಟೊಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಸಂಗ್ರಹದಲ್ಲಿದೆ. ಹೆಸರು ‘ಕಾರ್ಲ್ಟನ್’. ಇಟಲಿಯ ವಿನ್ಯಾಸಕಾರ ಎತ್ತೊರೆ ಸೊತ್ಸಾಸ್ 1981ರಲ್ಲಿ ತಮ್ಮ ‘ಮೆಂಫಿಸ್’ ಬಳಗಕ್ಕಾಗಿ ರೂಪಿಸಿದ್ದು. ಎತ್ತರ ಸುಮಾರು 195 ಸೆಂ.ಮೀ., ಅಗಲ 190, ಆಳ ಬರೀ 40. ಕೆಂಪು, ಹಳದಿ, ಹಸಿರು ಹಲಗೆಗಳು ಓರೆಯಾಗಿ ಕೈಚಾಚಿ ನಿಂತಿವೆ. ಅಡಿಪೀಠದ ಮೇಲೆ ಹುಳು ಹರಿದಾಡಿದಂಥ ಚಿತ್ತಾರ. ಪುಸ್ತಕಗಳನ್ನು ಸಾಲಾಗಿ ನೆಟ್ಟಗೆ ನಿಲ್ಲಿಸಲು ಅಷ್ಟೇನೂ ಅನುಕೂಲವಿಲ್ಲ. ನೋಡಲು ನಿಂತವರು ಮಾತ್ರ ಬೇಗ ಹೊರಡುವುದಿಲ್ಲ.

ಬೀಟೆ ಮರವಿಲ್ಲ, ಕೆತ್ತನೆಯಿಲ್ಲ, ಆದರೂ ಹರಾಜಿಗೆ ಬಂದರೆ ಕಾದಾಟ. ಯಾಕೆ ಎಂದು ತಿಳಿಯದೆ ಇಂಥದ್ದನ್ನು ಕೊಳ್ಳಲು ಹೋದರೆ ಟೋಪಿ ಬೀಳುವುದು ಖಂಡಿತ. ಆದ್ದರಿಂದ ಮೊದಲು ಸ್ವಲ್ಪ ಹಿನ್ನೆಲೆ.

ಕಾರ್ಲ್ಟನ್ ಹುಟ್ಟುವುದಕ್ಕೂ ಹಿಂದಿನ ಅರ್ಧ ಶತಮಾನ ಯುರೋಪಿನಲ್ಲಿ ಒಳ್ಳೆಯ ಅಭಿರುಚಿ ಎಂದರೆ ಉಕ್ಕಿನ ಕೊಳವೆ, ಗಾಜು, ಕಪ್ಪು ಚರ್ಮ. ಕುರ್ಚಿಯ ಕೆಲಸ ಕೂರಿಸುವುದು, ಮಿಕ್ಕಿದ್ದೆಲ್ಲ ದಂಡ ಎಂಬ ಶಿಸ್ತು. ಈ ಶಿಸ್ತನ್ನು ಗೇಲಿ ಮಾಡುವ ಕೆಲಸ ಮಿಲಾನಿನಲ್ಲಿ ಎಪ್ಪತ್ತರ ದಶಕದಲ್ಲೇ ಶುರುವಾಗಿತ್ತು. ‘ಸ್ಟುಡಿಯೊ ಅಲ್ಕಿಮಿಯಾ’ದ ಬಳಗದಲ್ಲಿದ್ದ ಅಲೆಸಾಂಡ್ರೊ ಮೆಂಡಿನಿ 1978ರಲ್ಲಿ ಹಳೇ ಅರಮನೆ ಶೈಲಿಯ ಕುರ್ಚಿಯೊಂದರ ಬಟ್ಟೆ, ಮರ ಎನ್ನದೆ ಎಲ್ಲದರ ಮೇಲೂ ಬಣ್ಣದ ಚುಕ್ಕೆ ತುಂಬಿಸಿ ‘ಪ್ರೂಸ್ಟ್ ಕುರ್ಚಿ’ ಎಂದು ಹೆಸರಿಟ್ಟರು. 1980ರ ಡಿಸೆಂಬರಿನಲ್ಲಿ ಸೊತ್ಸಾಸ್ ಮನೆಯಲ್ಲಿ ಎಳೆಯ ವಿನ್ಯಾಸಕಾರರ ಗುಂಪೊಂದು ಸೇರಿತು. ಒಲಿವೆಟ್ಟಿ ಕಂಪನಿಗೆ ಕಂಪ್ಯೂಟರು, ಟೈಪ್‌ರೈಟರುಗಳನ್ನು ರೂಪಿಸಿ ಹೆಸರಾಗಿದ್ದ ಸೊತ್ಸಾಸ್ ಅವರಿಗೆ ಆಗಲೇ 63 ವರ್ಷ. ಹಿನ್ನೆಲೆಯಲ್ಲಿ ಮತ್ತೆ ಮತ್ತೆ ಓಡುತ್ತಿದ್ದ ಬಾಬ್ ಡಿಲನ್ ಹಾಡಿನಿಂದ ಗುಂಪಿಗೆ ‘ಮೆಂಫಿಸ್’ ಎಂಬ ಹೆಸರು ಸಿಕ್ಕಿತು. 1981ರ ಸೆಪ್ಟೆಂಬರ್ 18ರಂದು ಮಿಲಾನಿನ ‘ಆರ್ಕ್ 74’ ಮಳಿಗೆಯಲ್ಲಿ ಮೊದಲ ಪ್ರದರ್ಶನ. ಮಿಕೆಲೆ ದೆ ಲುಕ್ಕಿ, ಮಾರ್ಟಿನ್ ಬೆದಾಂ, ನಥಾಲಿ ದು ಪಾಸ್ಕಿಯೆ, ಜಾರ್ಜ್ ಸೌಡನ್ ಗುಂಪಿನ ಒಳಗಿನವರು. ಅಮೆರಿಕದಿಂದ ಮೈಕೆಲ್ ಗ್ರೇವ್ಸ್, ಪೀಟರ್ ಶೈರ್, ಜಪಾನಿನಿಂದ ಶಿರೊ ಕುರಮಾತ, ಮಸನೊರಿ ಉಮೆದಾ ಕೈಜೋಡಿಸಿದರು.

ಸೊತ್ಸಾಸ್‌ಗೆ ಭಾರತದ ನಂಟೂ ಇತ್ತು. 1961ರಲ್ಲಿ ಇಲ್ಲೆಲ್ಲ ತಿರುಗಾಡಿ ಹೋದ ಅವರು 1964ರಲ್ಲಿ ‘ಶಿವನಿಗೆ ಅರ್ಪಣೆ’ ಎಂಬ ಸುಟ್ಟಮಣ್ಣಿನ ಕೃತಿಗಳ ಸರಣಿಯನ್ನೇ ಮಾಡಿದ್ದರು. ಪೀಠದ ಮೇಲೆ ಪೀಠ, ಅದರ ಮೇಲೊಂದು ಆಕಾರ ಎಂದು ಪೇರಿಸಿಕೊಂಡು ಹೋಗುವ ಅವರ ಕ್ರಮ ನಮ್ಮ ಕಣ್ಣಿಗೆ ಅಷ್ಟೇನೂ ಪರಕೀಯ ಅನ್ನಿಸದಿರಲು ಅದೂ ಒಂದು ಕಾರಣ ಇರಬಹುದು ಎಂಬುದು ನನ್ನ ಊಹೆ.

1985ರಲ್ಲಿ ಸೊತ್ಸಾಸ್ ಗುಂಪು ಬಿಟ್ಟರು. ದಶಕ ಮುಗಿಯುವಷ್ಟರಲ್ಲಿ ಗುಂಪೇ ಚದುರಿತ್ತು. ಮನೆಗೆ ತಂದಿಟ್ಟುಕೊಂಡವರಿಗಿಂತ ಪತ್ರಿಕೆಯ ಪುಟದಲ್ಲಿ ನೋಡಿದವರೇ ಹೆಚ್ಚು. ಮೊನಾಕೊದ ತಮ್ಮ ಮನೆಯನ್ನು ಮೆಂಫಿಸ್‌ನಿಂದಲೇ ತುಂಬಿಸಿದ್ದ ಫ್ಯಾಷನ್ ದೊರೆ ಕಾರ್ಲ್ ಲಾಗರ್‌ಫೆಲ್ಡ್ 1991ರಲ್ಲಿ ಎಲ್ಲವನ್ನೂ ಹರಾಜು ಹಾಕಿಸಿದರು. ಅಂದಿನ ಆ ತಾತ್ಸಾರವೇ ಇಂದಿನ ಬೆಲೆಯ ಗುಟ್ಟು. ಮಾಡಿದ್ದೇ ಕಡಿಮೆ, ಉಳಿದದ್ದು ಇನ್ನೂ ಕಡಿಮೆ. ಜೊತೆಗೆ ಇವು ಹುಟ್ಟಿದ್ದೇ ಫೋಟೊಕ್ಕೆ ಅನ್ನುವಷ್ಟು ಚೆನ್ನಾಗಿ ಫೋಟೊದಲ್ಲಿ ಬರುತ್ತವೆ. ಬೂದಿ ಬಣ್ಣದ ಸೋಫಾ, ಬಿಳಿ ಗೋಡೆ ನೋಡಿ ಬೇಸತ್ತ ಇನ್‌ಸ್ಟಾಗ್ರಾಂ ತಲೆಮಾರಿಗೆ ಇನ್ನೇನು ಬೇಕು?

ಹಂತ 1: ಯಾವುದು ಯಾವುದೆಂದು ತಿಳಿದುಕೊಳ್ಳಿ

ಮಾರುವವರು ಬಣ್ಣಬಣ್ಣದ್ದಕ್ಕೆಲ್ಲ ‘ಮೆಂಫಿಸ್’ ಎಂದೇ ಹೆಸರಿಡುತ್ತಾರೆ. ಗುಲಾಬಿ ಬೆಳಕು ಚೆಲ್ಲುವ, ಅಲೆಅಲೆ ಚೌಕಟ್ಟಿನ ‘ಉಲ್ಟ್ರಾಫ್ರಾಗೊಲಾ’ ಕನ್ನಡಿ ಸೊತ್ಸಾಸ್ ಅವರದೇ ಕೆಲಸ, ಆದರೆ 1970ರದು, ಪೋಲ್ಟ್ರೊನೊವಾ ಕಂಪನಿಯದು. ಆಗ ಮೆಂಫಿಸ್ ಇನ್ನೂ ಹುಟ್ಟಿರಲಿಲ್ಲ. ಅಮೆರಿಕದ ವಾಸ್ತುಶಿಲ್ಪಿ ರಾಬರ್ಟ್ ವೆಂಚೂರಿ 1984ರಲ್ಲಿ ನೋಲ್ ಕಂಪನಿಗೆ ಮಾಡಿದ ಬಾಗುಪ್ಲೈವುಡ್ ಕುರ್ಚಿಗಳೂ ಪೋಸ್ಟ್‌ಮಾಡರ್ನ್ (ಮೇಲೆ ಹೇಳಿದ ಶಿಸ್ತನ್ನು ಮುರಿದ ಶೈಲಿಯವು) ನಿಜ, ಮೆಂಫಿಸ್ ಅಲ್ಲ. ಹಳೇ ಇಂಗ್ಲಿಷ್ ಕುರ್ಚಿಗಳ ಬೆನ್ನಿನ ಆಕಾರವನ್ನು ಚಪ್ಪಟೆ ಹಲಗೆಯಲ್ಲಿ ಕತ್ತರಿಸಿದ ಆ ಕುರ್ಚಿಗಳ ಒಂದು ಚಿತ್ತಾರದ ಹೆಸರು ‘ಗ್ರ್ಯಾಂಡ್‌ಮದರ್’. ಅಜ್ಜಿಮನೆಯ ಮೇಜುಬಟ್ಟೆಯ ಹೂವು, ಅದರ ಮೇಲೆ ಕಪ್ಪು ಗೀಟುಗಳು.

ಮ್ಯೂಸಿಯಂಗಳ ಜಾಲತಾಣಗಳಲ್ಲಿ ಚಿತ್ರ, ಅಳತೆ, ಬಳಸಿದ ಸಾಮಗ್ರಿ ಎಲ್ಲವೂ ಬಿಟ್ಟಿ ಸಿಗುತ್ತವೆ. ಕೊಳ್ಳಬೇಕೆಂದಿರುವ ವಸ್ತುವಿನ ಅಳತೆಯನ್ನು ಅದರೊಂದಿಗೆ ತಾಳೆ ನೋಡಿ. ನಕಲು ಮಾಡುವವರು ಬಣ್ಣ ಸರಿಯಾಗಿ ಹಚ್ಚುತ್ತಾರೆ, ಅಳತೆಯಲ್ಲಿ ಕೈಕೊಡುತ್ತಾರೆ.

ಹಂತ 2: ಅಂಚಿಗೆ ಕಣ್ಣಿಡಿ

ಇದೇ ಮುಖ್ಯವಾದದ್ದು. ಸೀರೆಯ ಬೆಲೆ ಅಂಚಿನಲ್ಲಿ ತಿಳಿಯುವಂತೆ ಲ್ಯಾಮಿನೇಟ್ (ಸನ್ಮೈಕಾದಂಥ ಹಾಳೆ) ಹೊದ್ದ ಪೀಠೋಪಕರಣದ ಬೆಲೆಯೂ ಅಂಚಿನಲ್ಲೇ ತಿಳಿಯುತ್ತದೆ.

ಲ್ಯಾಮಿನೇಟ್ ಅಂದರೆ ಮೂಲತಃ ಕಾಗದ. ಫೀನಾಲಿಕ್ ರಾಳದಲ್ಲಿ ಅದ್ದಿದ ಕಂದು ಕ್ರಾಫ್ಟ್ ಕಾಗದದ ಹಲವು ಪದರ, ಮೇಲೆ ಬಣ್ಣ ಅಥವಾ ಚಿತ್ತಾರ ಅಚ್ಚಾದ ಒಂದು ಕಾಗದ, ಅದಕ್ಕೆ ಮೆಲಮೈನ್ ರಾಳ. ಎಲ್ಲವನ್ನೂ ಸೇರಿಸಿ ಭಾರೀ ಒತ್ತಡ, ಶಾಖದಲ್ಲಿ ಒತ್ತಿದರೆ ಸುಮಾರು ಒಂದು ಮಿಲಿಮೀಟರ್ ದಪ್ಪದ ಗಟ್ಟಿ ಹಾಳೆ. ಹಾಗಾಗಿ ಎರಡು ಹಾಳೆ ಕೂಡುವ ಮೂಲೆಯಲ್ಲಿ ಸೀಸದಕಡ್ಡಿಯಲ್ಲಿ ಎಳೆದಂಥ ತೆಳು ಕಂದು ಗೆರೆ ಕಾಣುತ್ತದೆ. ಮೆಂಫಿಸ್‌ನವರು ಬಳಸಿದ ಹಾಳೆಗಳು ಇಟಲಿಯ ಬ್ರಾ ಊರಿನ ಅಬೆಟ್ ಲ್ಯಾಮಿನಾಟಿ ಕಂಪನಿಯವು. ಕಾರ್ಲ್ಟನ್ ಪೀಠದ ಆ ಹುಳು ಚಿತ್ತಾರ ‘ಬ್ಯಾಕ್ಟೀರಿಯೊ’, ಸೊತ್ಸಾಸ್ 1978ರಲ್ಲಿ ಬರೆದದ್ದು.

ಮಾರುವವರಿಂದ ಮೂಲೆಯ ಹತ್ತಿರದ ಫೋಟೊ ಕೇಳಿ ತರಿಸಿಕೊಳ್ಳಿ. ಆ ಕಂದು ಗೆರೆ ಒಂದೇ ಸಮ ಓಡುತ್ತಿದೆಯೇ? ಎಲ್ಲೋ ದಪ್ಪ, ಎಲ್ಲೋ ಮಾಯವಾಗಿದ್ದರೆ ಆಮೇಲೆ ಉಜ್ಜಿ ರಿಪೇರಿ ಮಾಡಿರಬಹುದು. ಗೆರೆಯೇ ಇಲ್ಲದೆ ಚಿತ್ತಾರ ಮೂಲೆ ಸುತ್ತಿ ಪಕ್ಕಕ್ಕೆ ಮಡಚಿಕೊಂಡಿದ್ದರೆ ಅದು ವಿನೈಲ್ ಸ್ಟಿಕ್ಕರ್ ಇರುವ ಸಂಭವ ಹೆಚ್ಚು. ಹಾಗಂತ ಗೆರೆ ಇಲ್ಲದ್ದೆಲ್ಲ ಖೊಟ್ಟಿ ಎನ್ನುವಂತಿಲ್ಲ. ಎಂಬತ್ತರ ದಶಕದ ಶುರುವಿನಲ್ಲಿ ಫಾರ್ಮೈಕಾ ಕಂಪನಿ ತಂದ ‘ಕಲರ್‌ಕೋರ್’ ಎಂಬ ಹಾಳೆಯಲ್ಲಿ ಮೇಲಿಂದ ಕೆಳತನಕ ಒಂದೇ ಬಣ್ಣ, ಅಮೆರಿಕದ ವಿನ್ಯಾಸಕಾರರು ಅದನ್ನು ಖುಷಿಯಿಂದ ಬಳಸಿದರು.

ಮುಂದೆ ನೋಡಿದ ಮೇಲೆ ಹಿಂದೆಯೂ ನೋಡಿ, ಅಡಿಯಲ್ಲೂ ನೋಡಿ. ಹಲಗೆಯ ಒಂದೇ ಮುಖಕ್ಕೆ ಲ್ಯಾಮಿನೇಟ್ ಅಂಟಿಸಿ ಇನ್ನೊಂದನ್ನು ಬೋಳಾಗಿ ಬಿಟ್ಟರೆ ತೇವದ ಏರುಪೇರಿಗೆ ಹಲಗೆ ಸೊಟ್ಟಗಾಗುತ್ತದೆ. ಕೆಲಸ ಬಲ್ಲವರು ಎರಡೂ ಕಡೆ ಅಂಟಿಸುತ್ತಾರೆ, ಹಣ ಉಳಿಸುವವರು ಬಿಡುತ್ತಾರೆ. ಅಡಿಭಾಗದ ಹಲಗೆ ಬುರುಬುರು ಉಬ್ಬಿದ್ದರೆ ನೀರು ಕುಡಿದಿದೆ ಎಂದರ್ಥ, ಎಂ.ಡಿ.ಎಫ್. (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಒಮ್ಮೆ ಉಬ್ಬಿದರೆ ಮತ್ತೆ ಕುಗ್ಗುವುದಿಲ್ಲ. ಅಂಥದ್ದನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡ.

ಹಂತ 3: ಪಟ್ಟಿ ಮತ್ತು ಪೂರ್ವಚರಿತ್ರೆ

ಮೆಂಫಿಸ್‌ನ ವಸ್ತುಗಳಿಗೆ ಸಾಮಾನ್ಯವಾಗಿ ಹಿಂಬದಿಯಲ್ಲೋ ಅಡಿಯಲ್ಲೋ ಲೋಹದ ಚಿಕ್ಕ ಪಟ್ಟಿ ಇರುತ್ತದೆ: ಮೆಂಫಿಸ್ ಮಿಲಾನೊ, ವಿನ್ಯಾಸಕಾರರ ಹೆಸರು, ಇಸವಿ. ಅದನ್ನು ನೋಡಿ ನೆಮ್ಮದಿಯಾಗಬೇಡಿ. ಆ ಇಸವಿ ವಿನ್ಯಾಸದ್ದು, ಮಾಡಿದ್ದು ಆಮೇಲೆ ಎಷ್ಟೋ ವರ್ಷಕ್ಕೆ ಇರಬಹುದು. ಮೆಂಫಿಸ್ ಮಿಲಾನೊ ಹೆಸರಿನಲ್ಲಿ ಹಳೆಯ ವಿನ್ಯಾಸಗಳು ಈಗಲೂ ತಯಾರಾಗುತ್ತವೆ. ಅವು ಅಸಲಿಯೇ, ಆದರೆ ವಿಂಟೇಜ್ ಅಲ್ಲ. ಮೊದಲ ಖರೀದಿಯ ರಸೀದಿ, ಹಳೆಯ ಮನೆಯ ಫೋಟೊ, ಹರಾಜಿನ ಕೆಟಲಾಗು ಇವುಗಳಲ್ಲಿ ಒಂದಾದರೂ ಇಲ್ಲದಿದ್ದರೆ ಎಂಬತ್ತರ ದಶಕದ ವಸ್ತುವಿನ ಬೆಲೆ ಕೊಡಬೇಡಿ.

ಯಜಮಾನರು ಯಾರಾಗಿದ್ದರು ಎಂಬುದಕ್ಕೂ ಬೆಲೆಯುಂಟು. ಹಾಡುಗಾರ ಡೇವಿಡ್ ಬೋವಿ ತೀರಿಕೊಂಡ ಮೇಲೆ ಅವರ ಸಂಗ್ರಹವನ್ನು 2016ರ ನವೆಂಬರಿನಲ್ಲಿ ಸದಬಿಸ್ ಸಂಸ್ಥೆ ಲಂಡನ್ನಿನಲ್ಲಿ ಹರಾಜು ಹಾಕಿತು. ಅದರಲ್ಲಿ ಮೆಂಫಿಸ್‌ನ ದೊಡ್ಡ ರಾಶಿಯೇ ಇತ್ತು. ಜೊತೆಗಿದ್ದ, ಸೊತ್ಸಾಸ್ ಮತ್ತು ಪೆರಿ ಕಿಂಗ್ 1969ರಲ್ಲಿ ರೂಪಿಸಿದ ಕೆಂಪು ‘ವ್ಯಾಲೆಂಟೈನ್’ ಟೈಪ್‌ರೈಟರಿಗೆ 300ರಿಂದ 500 ಪೌಂಡ್ ಬರಬಹುದೆಂಬ ಅಂದಾಜಿತ್ತು. ಹೋದದ್ದು 45,000 ಪೌಂಡಿಗೆ. ಆ ಟೈಪ್‌ರೈಟರು ಅಪರೂಪದ್ದೇನಲ್ಲ. ಬೋವಿ ಮನೆಯಲ್ಲಿದ್ದದ್ದು ಮಾತ್ರ ಒಂದೇ.

ಹಂತ 4: ಚಿಕ್ಕದರಿಂದ ಶುರು ಮಾಡಿ

ವಿದೇಶದಲ್ಲಿರುವವರಿಗೆ ಹಳೇ ಸಾಮಾನಿನ ಸಂತೆಗಳಿವೆ. ಇಲ್ಲಿಗೆ ತರಿಸುವುದಾದರೆ ಸಾಗಣೆ, ಸುಂಕ ಸೇರಿ ಕಪಾಟಿನ ಕಥೆ ಕೈಮೀರುತ್ತದೆ. ಮೈಕೆಲ್ ಗ್ರೇವ್ಸ್ 1985ರಲ್ಲಿ ಅಲೆಸ್ಸಿ ಕಂಪನಿಗೆ ಮಾಡಿದ, ನೀರು ಕುದಿದಾಗ ಮೂತಿಯ ಮೇಲಿನ ಪುಟ್ಟ ಹಕ್ಕಿ ಸಿಳ್ಳೆ ಹಾಕುವ ಕೆಟಲ್ ಒಳ್ಳೆಯ ಮೊದಲ ಮೆಟ್ಟಿಲು. ಆಮೇಲೆ ಹೂದಾನಿ, ದೀಪ. ಮಾರ್ಟಿನ್ ಬೆದಾಂ ಅವರ ‘ಸೂಪರ್’ ದೀಪ ನೋಡಿ: ಅರ್ಧಚಂದ್ರಾಕಾರದ ಮೈ, ಮೇಲೆ ಸಾಲು ಬಲ್ಬು, ಕೆಳಗೆ ಚಕ್ರ. ನಾಯಿಮರಿಯ ಹಾಗೆ ಎಳೆದುಕೊಂಡು ಹೋಗಬಹುದು. ಇಟಲಿಯ ದೀಪಗಳಿಗೆ ನಮ್ಮ ವಿದ್ಯುತ್ ಹೊಂದುತ್ತದೆ. ಅಮೆರಿಕದವು 110–120 ವೋಲ್ಟಿನವು, ಅಲ್ಲಿಂದ ತಂದದ್ದನ್ನು ನೇರ ಸಾಕೆಟ್ಟಿಗೆ ಸಿಕ್ಕಿಸಬೇಡಿ. ಯಾವ ದೇಶದ್ದಾದರೂ ನಲವತ್ತು ವರ್ಷದ ಹಳೆಯ ವೈರನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸದೆ ಹಚ್ಚುವುದು ಜಾಣತನವಲ್ಲ.

ಕುರ್ಚಿ ಕೊಳ್ಳುವವರಿಗೆ ಒಂದು ಮಾತು. ದೆ ಲುಕ್ಕಿಯ ‘ಫಸ್ಟ್’ (1983) ಮೆಂಫಿಸ್‌ನ ಅತಿ ಪರಿಚಿತ ಕುರ್ಚಿ. ಉಕ್ಕಿನ ಒಂದು ಬಳೆ, ಅದರ ಮೇಲೆ ಕೈಯಿಡಲು ಎರಡು ಗೋಲ, ಬೆನ್ನಿಗೆ ತಟ್ಟೆಯಷ್ಟು ಒಂದು ವೃತ್ತ. ಕೂತು ಊಟ ಮುಗಿಸುವ ಕುರ್ಚಿ ಅದಲ್ಲ. ನೋಡಲು ಕೊಳ್ಳುತ್ತೇನೆ ಎಂಬ ಖಚಿತತೆ ಇದ್ದರೆ ಮಾತ್ರ ಕೊಳ್ಳಿ.

ಹಂತ 5: ಇಡುವುದು, ಒರೆಸುವುದು

ಒಂದು ಕೋಣೆಗೆ ಒಂದು ಸಾಕು. ಎರಡಿಟ್ಟರೆ ಜಗಳ, ಮೂರಿಟ್ಟರೆ ಐಸ್‌ಕ್ರೀಂ ಪಾರ್ಲರ್. ಕಾರ್ಲ್ಟನ್‌ನಂಥದ್ದು ಕೋಣೆಯನ್ನು ಎರಡಾಗಿ ಬೇರ್ಪಡಿಸಲೆಂದೇ ಮಾಡಿದ್ದು, ಗೋಡೆಗೆ ಒತ್ತಿ ಇಟ್ಟರೆ ಅದರ ಅರ್ಧ ಸೊಗಸು ಹೋದಂತೆ. ಕಿಟಕಿಯ ನೇರ ಬಿಸಿಲು ಬೇಡ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ನೆಲಕ್ಕೆ ತಾಗುವ ಅಂಚಿನಡಿ ತೆಳುವಾದ ರಬ್ಬರ್ ತುಂಡು ಕೊಟ್ಟು ತುಸು ಎತ್ತರಿಸಿ, ನೆಲ ಒರೆಸಿದ ನೀರು ಹಲಗೆಗೆ ಏರುವುದಿಲ್ಲ.

ಒರೆಸಲು ಒದ್ದೆ ಬಟ್ಟೆ, ಒಂದು ಹನಿ ಪಾತ್ರೆ ಸೋಪು, ಆಮೇಲೆ ಒಣ ಬಟ್ಟೆ. ಸ್ಟೀಲಿನ ನಾರು, ಪುಡಿ ಹಾಕಿ ಉಜ್ಜಿದರೆ ಹೊಳಪು ಹೋಗುತ್ತದೆ, ಅದನ್ನು ಮತ್ತೆ ತರುವ ಪಾಲಿಶ್ ಇಲ್ಲ. ಮರದ ಪಾಲಿಶ್‌ನಂತೂ ಮುಟ್ಟಿಸಲೇಬೇಡಿ. ಅಲ್ಲಲ್ಲಿ ಗುಳ್ಳೆ ಎದ್ದಿದ್ದು ಅಂಟು ರಬ್ಬರ್ ಜಾತಿಯದಾಗಿದ್ದರೆ ಮೇಲೆ ದಪ್ಪ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆಯ ಕಡಿಮೆ ಶಾಖ ಕೊಟ್ಟು, ತಕ್ಷಣ ಭಾರ ಹೇರಿದರೆ ಮತ್ತೆ ಕಚ್ಚಿಕೊಳ್ಳುವುದುಂಟು. ದುಬಾರಿ ವಸ್ತುವಿನ ಮೇಲೆ ಈ ಪ್ರಯೋಗ ಬೇಡ.

ಹಂತ 6: ಬಡಗಿಯ ಹತ್ತಿರ ಹೋಗುವುದು

ಕಾರ್ಲ್ಟನ್‌ನ ಫೋಟೊ ತೋರಿಸಿ ‘ಇದೇ ಥರ ಮಾಡಿಕೊಡಿ’ ಎನ್ನುವುದು ಕದಿಯುವುದಕ್ಕೆ ಸಮ. ಧಾಟಿಯನ್ನಷ್ಟೇ ತೆಗೆದುಕೊಳ್ಳಿ. 45 ಸೆಂ.ಮೀ. ಚೌಕದ, 50 ಸೆಂ.ಮೀ. ಎತ್ತರದ ಪಕ್ಕದಮೇಜು ಮೊದಲಿಗೆ ಸಾಕು. ಮೇಲೆ ಚೌಕ, ಕೆಳಗೆ ಒಂದು ಕಡೆ ಓರೆ ಹಲಗೆ, ಇನ್ನೊಂದು ಕಡೆ ಗುಂಡು ಕಾಲು, ಇವೆರಡನ್ನೂ ಹಿಡಿದಿಡಲು ತಳದಲ್ಲಿ ಒಂದು ಅಗಲ ಪೀಠ. ಮೂರು ಬಗೆಯ ಆಕಾರ, ಮೂರು ಗಾಢ ಬಣ್ಣ, ಒಂದೇ ಒಂದು ಚಿತ್ತಾರ. ಚಿತ್ತಾರವನ್ನು ತಳಪೀಠಕ್ಕೆ ಮೀಸಲಿಡಿ.

18 ಎಂ.ಎಂ. ಪ್ಲೈವುಡ್, 1 ಎಂ.ಎಂ. ಲ್ಯಾಮಿನೇಟ್ ಹೇಳಿ. ಕಾಣದ ಅಡಿಭಾಗಕ್ಕೆ ಅಗ್ಗದ ಲೈನರ್ ಹಾಳೆ ಆದೀತು, ಖಾಲಿ ಬಿಡುವುದು ಬೇಡ. ಮೊದಲು ಪಕ್ಕದ ಪಟ್ಟಿಗಳನ್ನು ಅಂಟಿಸಿ ಮಟ್ಟ ಮಾಡಿ, ಆಮೇಲೆ ಮೇಲಿನ ಹಾಳೆ ಕೂರಿಸಬೇಕು. ಈ ಕ್ರಮದಲ್ಲಿ ಮಾಡಿದರೆ ಮೇಲಿಂದ ನೋಡಿದಾಗ ಬಣ್ಣ ಅಂಚಿನ ತನಕ ಬರುತ್ತದೆ, ಕಂದು ಗೆರೆ ಪಕ್ಕಕ್ಕೆ ಸರಿಯುತ್ತದೆ. ಪಾತ್ರೆ, ಲೋಟದ ನೀರೂ ಸಂದಿಗೆ ಇಳಿಯುವುದಿಲ್ಲ. ಅಂಚಿಗೆ ಮರದ ಬೀಡಿಂಗ್ (ತೆಳು ಪಟ್ಟಿ) ಹೊಡೆಯುತ್ತೇನೆ ಅಂದರೆ ಒಪ್ಪಬೇಡಿ. ಬೀಡಿಂಗ್ ಬಿದ್ದ ಕೂಡಲೇ ಅದು ಆಫೀಸಿನ ಟೇಬಲ್ ಆಗಿಬಿಡುತ್ತದೆ.

ಗುಂಡು ಕಾಲಿಗೆ ಲ್ಯಾಮಿನೇಟ್ ಬಗ್ಗಿಸುವುದು ಸುಲಭವಲ್ಲ, ಸೀಳುತ್ತದೆ. ಮರದ್ದನ್ನೇ ಮಾಡಿಸಿ ಡ್ಯೂಕೊ ಬಣ್ಣ ಹೊಡೆಸಬಹುದು. ಅದಕ್ಕಿಂತ ಒಳ್ಳೆಯ ದಾರಿ ಚನ್ನಪಟ್ಟಣದಲ್ಲಿದೆ. ಅಲ್ಲಿ ಆಲೆ ಮರವನ್ನು ಲೇತಿನ ಮೇಲೆ ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಒತ್ತಿ ಹಿಡಿಯುತ್ತಾರೆ. ಉಜ್ಜುವಿಕೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಆ ಹಳದಿ, ಆ ಕೆಂಪಿಗೆ ಯಾವ ಸ್ಪ್ರೇ ಪೇಂಟೂ ಸಾಟಿಯಲ್ಲ. ದಪ್ಪ ಕಾಲಿಗೆ ಬೇಕಾದ ಮರ ಸಿಗದಿದ್ದರೆ ಗೋಲ, ಬಳೆಗಳನ್ನು ಬಿಡಿಬಿಡಿಯಾಗಿ ಕಡೆಸಿ ಕಬ್ಬಿಣದ ಸರಳಿಗೆ ಪೋಣಿಸಿದರಾಯಿತು. ಪೇರಿಸಿದಂತೆ ಕಾಣುವುದರಿಂದ ಧಾಟಿಗೂ ಹೊಂದುತ್ತದೆ.

ಲ್ಯಾಮಿನೇಟ್ 8x4 ಅಡಿಯ ಇಡೀ ಹಾಳೆಯಾಗಿಯೇ ಬರುವುದರಿಂದ ಇಷ್ಟು ಚಿಕ್ಕ ಮೇಜಿಗೆ ಬಹುಪಾಲು ಮಿಗುತ್ತದೆ. ದೊಡ್ಡ ಮನೆಕೆಲಸ ಹಿಡಿದಿರುವ ಬಡಗಿಯ ಹತ್ತಿರ ಮಿಕ್ಕ ತುಂಡುಗಳಿದ್ದರೆ ಅವನ್ನೇ ಆರಿಸಿ, ಖರ್ಚು ಅರ್ಧಕ್ಕರ್ಧ ಇಳಿಯುತ್ತದೆ. ಕೆಲಸ ಮುಗಿದ ಮೇಲೆ ಪ್ರತಿ ಬಣ್ಣದ್ದೂ ಅಂಗೈಯಗಲದ ಒಂದೊಂದು ತುಂಡನ್ನು ಹಿಂದೆ ಕೋಡ್ ನಂಬರು ಬರೆದು ಎತ್ತಿಡಿ. ಮೂಲೆ ಚಕ್ಕೆ ಎದ್ದಾಗ ಅದೇ ಬಣ್ಣ ಹುಡುಕಿಕೊಂಡು ಅಂಗಡಿಗೆ ಹೋದರೆ ಆ ಕೆಟಲಾಗು ನಿಂತು ಎರಡು ವರ್ಷವಾಯಿತು ಎನ್ನುತ್ತಾರೆ.