ಲೀಡ್ಸ್‌ನ ಮೊದಲ ಚಳಿಗೆ ಬಟ್ಟೆ ಒಣಗಿಸಿದ್ದು

ನಾಲ್ಕು ಜನರ ಬಟ್ಟೆ, ಡ್ರೈಯರ್ ಇಲ್ಲದ ಮನೆ, ಬಿಡದ ಮಳೆ. ಆದರೂ ಈಗ ನಮ್ಮಲ್ಲಿ ರಾತ್ರಿ ಹರವಿದ ಬಟ್ಟೆ ಬೆಳಿಗ್ಗೆಗೆ ಗರಿಗರಿ, ಗಾಳಿಯ ತೇವ ಎಳೆದು ನೀರು ಮಾಡುವ ಡಿಹ್ಯುಮಿಡಿಫೈಯರ್ ಅನ್ನುವ ಮೆಷಿನ್ನಿಂದ. 2023ರಲ್ಲಿ ಕರೆಂಟ್ ಖರ್ಚು ರಾತ್ರಿಗೆ ಸುಮಾರು 35 ಪೆನ್ಸ್. ‘ಆ ಡಬ್ಬಕ್ಕೆ ದುಡ್ಡು ಸುರೀಬೇಡ’ ಅಂದವರೇ ಈಗ ಅದರ ಮಾಡೆಲ್ ಕೇಳುತ್ತಿದ್ದಾರೆ.

ನಾವು ಇಂಗ್ಲೆಂಡಿನ ಲೀಡ್ಸ್‌ಗೆ ಬಂದದ್ದು 2023ರ ಆಗಸ್ಟ್‌ನಲ್ಲಿ. ಸೆಪ್ಟೆಂಬರ್ ಮೊದಲ ವಾರ ಒಳ್ಳೆ ಸೆಕೆ, ಹಿತ್ತಲ ಹಗ್ಗದ ಮೇಲೆ ಬೆಡ್‌ಶೀಟೂ ಮಧ್ಯಾಹ್ನಕ್ಕೆ ಒಣಗುತ್ತಿತ್ತು. ಅಕ್ಟೋಬರ್‌ನಲ್ಲಿ ಬಬೆಟ್ ಬಿರುಗಾಳಿ ಬಂತು ನೋಡಿ, ಅಲ್ಲಿಗೆ ಹಗ್ಗದ ಕೆಲಸ ಮುಗಿಯಿತು. 29ಕ್ಕೆ, ಇಲ್ಲಿ ಚಳಿಗಾಲಕ್ಕೆ ಮಾಡುವ ಹಾಗೆ, ಗಡಿಯಾರ ಒಂದು ಗಂಟೆ ಹಿಂದೆ ಹೋಯಿತು. ಸಂಜೆ ಐದಕ್ಕೆಲ್ಲ ಕತ್ತಲು.

ಎಲ್ಲರ ಹಾಗೆ ನಾನೂ ಬಟ್ಟೆಯನ್ನು ರೇಡಿಯೇಟರ್, ಅಂದರೆ ರೂಮು ಬಿಸಿಮಾಡುವ ಗೋಡೆಯ ಹೀಟರ್ ಮೇಲೆ ಹಾಕಿದೆ. ಬಟ್ಟೆಯೇನೋ ಒಣಗಿತು, ಅದರ ನೀರು ಗೋಡೆಗೆ ಹೋಯಿತು. ಒಂದು ಲೋಡ್ ಅಂದರೆ ಎರಡು ಲೀಟರ್ ನೀರು, ಅಲ್ವಾ? ಅದರ ಜೊತೆ ನಮ್ಮ ಅನ್ನ, ಸಾರು, ಇಡ್ಲಿಯ ಹಬೆ ಬೇರೆ. ನವೆಂಬರ್‌ನಲ್ಲಿ ಬೀರು ಸರಿಸಿದರೆ ಹಿಂದಿನ ಗೋಡೆಯೆಲ್ಲ ಕಪ್ಪು ಬೂಷ್ಟು. ಒಳಗಿದ್ದ ಧಾರೆ ಸೀರೆಯ ಮಡಿಕೆಯಲ್ಲಿ ಬಿಳಿ ಚುಕ್ಕೆ, ಮುಗ್ಗಲು ವಾಸನೆ. ಅವತ್ತು ಕೂತು ಅತ್ತುಬಿಟ್ಟೆ.

ಮನೆ ಓನರ್ ಕಿಟಕಿ ತೆಗೆದಿಡಿ ಅಂದರು. ತೆಗೆದಿಟ್ಟೆವು. ಆ ತಿಂಗಳು ಮನೆ ಬಿಸಿಮಾಡುವ ಗ್ಯಾಸ್ ಬಿಲ್ಲೇ 140 ಪೌಂಡ್ ಹತ್ತಿರ ಬಂತು. ಲಾಂಡ್ರೆಟ್‌ಗೆ (ದುಡ್ಡು ಹಾಕಿ ಒಗೆದು ಒಣಗಿಸುವ ಅಂಗಡಿ) ಹೊತ್ತುಕೊಂಡು ಹೋದರೆ ಒಣಗಿಸುವುದಕ್ಕೇ ಸಲಕ್ಕೆ 4 ಪೌಂಡ್, ವಾರಕ್ಕೆ ಮೂರು ಸಲ.

ಕೊನೆಗೆ ದಿನಕ್ಕೆ 12 ಲೀಟರ್ ನೀರು ಎಳೆಯುತ್ತದೆ ಅನ್ನುವ ಹಳೇ ಡಿಹ್ಯುಮಿಡಿಫೈಯರ್ ಒಂದನ್ನು 80 ಪೌಂಡ್‌ಗೆ ತಂದೆ. ಅದೂ ಮೊದಲು ಕೈಕೊಟ್ಟಿತು. ಹಾಲ್‌ನಲ್ಲಿಟ್ಟು ರಾತ್ರಿಯಿಡೀ ಓಡಿಸಿದೆ. ಟ್ಯಾಂಕ್ ತುಂಬಿತ್ತು, ಆದರೆ ಮಗನ ಸ್ಕೂಲ್ ಸ್ವೆಟರ್ ಕಂಕುಳಲ್ಲಿ ಇನ್ನೂ ತಣ್ಣಗೆ ಒದ್ದೆ. ಹೇರ್ ಡ್ರೈಯರ್ ಹಿಡಿದು ಕಳಿಸಿದೆ. ‘ನಾನು ಹೇಳಿರಲಿಲ್ವಾ’ ಅಂದರು ನಮ್ಮನೆಯವರು.

ನಾನು ತೀರ್ಥಹಳ್ಳಿ ಕಡೆಯವಳು. ಜುಲೈ ಮಳೆಯಲ್ಲಿ ಅಮ್ಮ ಬಟ್ಟೆಯನ್ನು ಜಗಲಿಯಲ್ಲಿ ಹರವುತ್ತಿರಲಿಲ್ಲ. ಬಚ್ಚಲೊಲೆಯ ಮೇಲೆ ಬಿದಿರ ಗಳು ಕಟ್ಟಿ, ಅಲ್ಲೇ ಹಾಕಿ, ಬಾಗಿಲು ಮುಚ್ಚುತ್ತಿದ್ದರು. ನಾನು ಇಡೀ ಮನೆಯನ್ನು ಒಣಗಿಸಲು ಹೊರಟಿದ್ದೆ, ಅದೇ ತಪ್ಪು. ಮರುದಿನವೇ ಮಹಡಿಯ ಸಣ್ಣ ರೂಮಿನಿಂದ ಸೂಟ್‌ಕೇಸ್‌ಗಳನ್ನೆಲ್ಲ ಹೊರಗೆ ಹಾಕಿ, ಬಟ್ಟೆಯನ್ನೂ ಮೆಷಿನ್ನನ್ನೂ ಅಲ್ಲಿಟ್ಟೆ. ಕಿಟಕಿ, ಅದರ ಮೇಲಿನ ಗಾಳಿಕಿಂಡಿ, ಬಾಗಿಲು ಎಲ್ಲ ಬಂದ್. ಬಾಗಿಲ ಕೆಳಗಿನ ಸಂದಿಗೆ ಹಳೇ ಟವೆಲ್. ಮಲಗುವ ಮುಂಚೆ ಒಂದು ಗಂಟೆ ಮಾತ್ರ ರೇಡಿಯೇಟರ್. ಇಂಥ ಕಂಪ್ರೆಸರ್ ಇರುವ ಮೆಷಿನ್ ತೀರಾ ಚಳಿಯಲ್ಲಿ ನೀರು ಎಳೆಯುವುದಿಲ್ಲ, 17–18 ಡಿಗ್ರಿಯಾದರೂ ಇರಲಿ. ವಾಷಿಂಗ್ ಮೆಷಿನ್ನಲ್ಲೇ ಸ್ಪಿನ್ ಎರಡು ಸಲ. ಸಣ್ಣ ಟೇಬಲ್ ಫ್ಯಾನ್ ಒಂದು, ನೆಲದಲ್ಲಿ. ಅದನ್ನು ಯಾವ ಕಡೆ ತಿರುಗಿಸಬೇಕು, ಜೀನ್ಸ್ ಹೇಗೆ ನೇತುಹಾಕಬೇಕು ಅನ್ನುವುದು ಮಾತ್ರ ನನ್ನಲ್ಲೇ ಇರಲಿ. ಅದಕ್ಕೆ ಎರಡು ವಾರ ಒದ್ದಾಡಿದ್ದೇನೆ.

ಇದೆಲ್ಲ ಕೂಡಿಬಂದ ಮೊದಲ ರಾತ್ರಿಯೇ ಟ್ಯಾಂಕಿನಲ್ಲಿ ಒಂದೂಮುಕ್ಕಾಲು ಲೀಟರ್. ಕಾಲುಚೀಲ ಸಮೇತ ಎಲ್ಲ ಒಣಗಿತ್ತು. ಮೆಷಿನ್ 200 ವ್ಯಾಟ್, ಆರು ಗಂಟೆ, ಆಗ ಕರೆಂಟ್ ಯೂನಿಟ್‌ಗೆ 27 ಪೆನ್ಸ್, ಜೊತೆಗೆ ಫ್ಯಾನಿನದು ಸ್ವಲ್ಪ. ಲೆಕ್ಕ ನೀವೇ ಹಾಕಿ. ಮನೆಯ ಗಾಳಿಯ ತೇವಾಂಶ ಶೇಕಡಾ 78 ಇದ್ದದ್ದು ಡಿಸೆಂಬರ್‌ಗೆ 55ರ ಆಸುಪಾಸಿಗೆ ಇಳಿಯಿತು.

ಆ ರೂಮು ಬೆಚ್ಚಗಿರುತ್ತದಲ್ಲ, ಸುಮ್ನೆ ನೋಡೋಣ ಅಂತ ದೋಸೆ ಹಿಟ್ಟನ್ನೂ ಅಲ್ಲೇ ಇಟ್ಟೆ. ಅಡುಗೆಮನೆಯಲ್ಲಿ ಎರಡು ದಿನವಾದರೂ ಮಿಸುಕದ ಹಿಟ್ಟು ಇಲ್ಲಿ ಮರುದಿನ ಸಂಜೆಗೆ ಉಬ್ಬಿತ್ತು. ಆದರೆ ಬಿಗಿ ಮುಚ್ಚಳ ಬೇಕು. ಒಮ್ಮೆ ಮರೆತು ತಟ್ಟೆ ಮುಚ್ಚಿಟ್ಟಿದ್ದಕ್ಕೆ ಟವೆಲ್‌ಗಳಿಗೆಲ್ಲ ಹುಳಿ ವಾಸನೆ ಹಿಡಿದು, ಮತ್ತೆ ಒಗೆಯಬೇಕಾಯಿತು.

ಬೂಷ್ಟು ತಿಕ್ಕಿ ತೆಗೆದ ಗೋಡೆಗೆ ನಾವೇ ಬಣ್ಣ ಹೊಡೆದೆವು. ಬೀರು ಈಗ ಗೋಡೆಯಿಂದ ಒಂದು ಗೇಣು ಈಚೆಗಿದೆ. ಸೀರೆ ಡ್ರೈಕ್ಲೀನ್ ಆಗಿ ಬಂದಿದೆ, ಒಂದು ಚುಕ್ಕೆ ಮಾತ್ರ ಅಂಚಿನಲ್ಲಿ ಹಾಗೇ ಉಳಿಯಿತು.