ಚಂಡಮಾರುತ ಬರ್ತಿದೆ ಅಂದಾಗ ಭತ್ತ ಕೊಯ್ಯಬೇಕಾ, ಬಿಡಬೇಕಾ?

ಮಂಡ್ಯ ಕಡೆಯ ಕೆರಗೋಡಿನ ಹತ್ತಿರ ನಮಗೆ ಒಂದು ಎಕರೆ ಮೂವತ್ತು ಗುಂಟೆ ನಾಲೆ ಬಯಲಿನ ಗದ್ದೆ ಇದೆ. ಎರಡು ಹಸು ಇವೆ. ಸಮುದ್ರ ನೋಡಿದ್ದು ಜೀವನದಲ್ಲಿ ಒಂದೇ ಸಲ. ಆದರೂ ಪ್ರತಿ ವರ್ಷ ನವೆಂಬರ್ ಕೊನೆಗೆ ನಾನು ಬಂಗಾಳಕೊಲ್ಲಿಯ ಮೇಲೆ ಕಣ್ಣಿಟ್ಟು ಕೂರುತ್ತೇನೆ. ಭತ್ತ ಹಣ್ಣಾಗುವ ಹೊತ್ತಿಗೇ ಅಲ್ಲಿ ಒಂದಲ್ಲ ಒಂದು ವಾಯುಭಾರ ಕುಸಿತ ಏಳುತ್ತದೆ.

ಎರಡು ಸಲ ಕೈ ಸುಟ್ಟುಕೊಂಡ ಮೇಲೆ ಈ ಲೆಕ್ಕ ಕಲಿತೆ. ಮೊದಲ ಸಲ 2021ರ ನವೆಂಬರ್. ಆ ವರ್ಷ ಬೇಗ ನಾಟಿ ಮಾಡಿದ್ದೆವು. "ಚಂಡಮಾರುತ ಏನಲ್ಲ, ಬರೀ ವಾಯುಭಾರ ಕುಸಿತ" ಅಂತ ಕೇಳಿ ಸಮಾಧಾನವಾಗಿ, ಆಳು ಕರೆಸಿ ಕುಡುಗೋಲಲ್ಲಿ ಕೊಯ್ಸಿ ಅರಿ ಹಾಕಿದೆವು, ಅಂದರೆ ಕೊಯ್ದ ಪೈರನ್ನು ಒಣಗಲು ಗದ್ದೆಯಲ್ಲೇ ಹರಡಿದೆವು. ಆ ತಿಂಗಳು 11ಕ್ಕೊಂದು, 19ಕ್ಕೊಂದು, ಎರಡು ಕುಸಿತ ತಮಿಳುನಾಡಿನ ಉತ್ತರದ ಕರಾವಳಿ ದಾಟಿದವು. ಎರಡಕ್ಕೂ ಹೆಸರಿರಲಿಲ್ಲ. ಮಳೆ ಮಾತ್ರ ಬಿಡಲೇ ಇಲ್ಲ. ಅರಿಯಲ್ಲೇ ಭತ್ತ ಮೊಳಕೆ ಒಡೆಯಿತು. ಕಪ್ಪಾದ ಹುಲ್ಲನ್ನು ಹಸು ಮೂಸಿ ಮುಖ ತಿರುಗಿಸಿದವು.

ಮರುವರ್ಷ ಡಿಸೆಂಬರ್‌ನಲ್ಲಿ ಮಾಂಡೌಸ್ ಚಂಡಮಾರುತ ಬಂತು. ಈ ಸಲ ಹೆಸರಿತ್ತು, ಟಿವಿಯಲ್ಲಿ ಕೆಂಪು ಅಕ್ಷರ ಓಡುತ್ತಿತ್ತು. ಹೆದರಿ, ಇನ್ನೂ ಅರ್ಧ ಹಸಿರಿದ್ದ ಭತ್ತಕ್ಕೆ ಕಟಾವು ಮೆಷಿನ್ ಇಳಿಸಿದೆ. ಮಾಂಡೌಸ್ 9ನೇ ತಾರೀಕು ರಾತ್ರಿ ಮಹಾಬಲಿಪುರದ ಹತ್ತಿರ ದಡ ದಾಟಿತು. ನಮ್ಮ ಗದ್ದೆಗೆ ಬಂದದ್ದು ಎರಡು ಮೂರು ದಿನದ ಸೋನೆ, ಮೈ ನಡುಗುವ ಚಳಿ, ಅಷ್ಟೇ. ಚೀಲದಲ್ಲಿ ಅರ್ಧ ಜೊಳ್ಳು. ಮಿಲ್‌ನವರು ತೂಕದಲ್ಲಿ ಕಡಿದರು. ನಮ್ಮ ಯಜಮಾನರು ಇವತ್ತಿಗೂ ಆಡಿಕೊಳ್ಳುತ್ತಾರೆ.

ಹೆಸರು ಬಂತು ಅಂದರೆ ಗಾಳಿ ಗಂಟೆಗೆ 62 ಕಿಲೋಮೀಟರ್ ಮುಟ್ಟಿದೆ ಅಂತ ಅರ್ಥ, ಅಷ್ಟು ಮಾತ್ರ. 31ರಿಂದ 50ರವರೆಗೆ ವಾಯುಭಾರ ಕುಸಿತ, 61ರವರೆಗೆ ತೀವ್ರ ಕುಸಿತ, 62 ದಾಟಿದರೆ ಚಂಡಮಾರುತ, 89 ದಾಟಿದರೆ ತೀವ್ರ ಚಂಡಮಾರುತ. ಎಲ್ಲವೂ ಗಾಳಿಯ ಅಳತೆ. ಮಳೆ ಎಷ್ಟು ಅನ್ನೋದು ಇದರಲ್ಲಿ ಎಲ್ಲೂ ಇಲ್ಲ. ಪುದುಚೇರಿಯಿಂದ ಮಂಡ್ಯಕ್ಕೆ ನೇರ ಗೆರೆ ಎಳೆದರೆ ಸುಮಾರು 325 ಕಿಲೋಮೀಟರ್. ಅಷ್ಟು ನೆಲದ ಮೇಲೆ ಬರುವಷ್ಟರಲ್ಲಿ ಸಮುದ್ರದ ಬಿಸಿನೀರಿನ ಆಸರೆ ತಪ್ಪಿ ಗಾಳಿಯ ಸೊಕ್ಕು ಇಳಿದಿರುತ್ತದೆ. ಮೋಡದ ಸೊಕ್ಕು ಇಳಿಯುವುದಿಲ್ಲ.

ಇದನ್ನು ನನ್ನ ತಲೆಗೆ ಹಾಕಿದ್ದು ಅಮೆರಿಕದಲ್ಲಿರುವ ಅಕ್ಕನ ಮಗ. ಅವನಿರುವುದು ಫ್ಲೋರಿಡಾದ ಟ್ಯಾಂಪಾದಲ್ಲಿ. ನಾವು ಚಂಡಮಾರುತ ಅನ್ನೋದನ್ನೇ ಅಲ್ಲಿ ಹರಿಕೇನ್ ಅಂತಾರೆ. 2024ರ ಅಕ್ಟೋಬರ್‌ನಲ್ಲಿ ಮಿಲ್ಟನ್ ಬಂದಾಗ ಅವನು ಎರಡು ದಿನ ಮೊದಲೇ ಮನೆ ಬಿಟ್ಟ. "ಅಷ್ಟೊಂದು ಜೋರಾ?" ಅಂತ ಕೇಳಿದೆ. "ಜೋರು ಎಷ್ಟು ಅಂತ ನೋಡಲ್ಲ ಚಿಕ್ಕಮ್ಮ. ನಮ್ಮ ಮನೆ ಎ ವಲಯದಲ್ಲಿದೆ, ಸಮುದ್ರದ ನೀರು ಮೊದಲು ನುಗ್ಗೋದು ಇಲ್ಲಿಗೆ. ಎ ವಲಯ ಖಾಲಿ ಮಾಡಿ ಅಂದ ತಕ್ಷಣ ಹೊರಡ್ತೀನಿ" ಅಂದ. ನಕ್ಷೆಯಲ್ಲಿ ತೋರಿಸುವ ಆ ಬಿಳಿ ಲಾಳಿಕೆ ಆಕಾರದ ಬಗ್ಗೆಯೂ ಹೇಳಿದ. ಅದು ಬಿರುಗಾಳಿಯ ನಡುಬಿಂದು ಎಲ್ಲಿ ಹೋಗಬಹುದು ಅನ್ನುವ ಅಂದಾಜು ಮಾತ್ರ. ಮೂರರಲ್ಲಿ ಒಂದು ಸಲ ನಡುಬಿಂದುವೇ ಅದರಾಚೆ ಹೋಗುತ್ತದೆ. ಮಳೆ ಗಾಳಿಗಂತೂ ಆ ಗೆರೆ ಗೊತ್ತೇ ಇಲ್ಲ. ಮಿಲ್ಟನ್ ದಡ ಮುಟ್ಟಿದ್ದು ಫ್ಲೋರಿಡಾದ ಪಶ್ಚಿಮದಲ್ಲಿ, ಸಿಯೆಸ್ಟಾ ಕೀ ಹತ್ತಿರ. ಅದರಿಂದ ಎದ್ದ ಸುಂಟರಗಾಳಿಗೆ ಜನ ಸತ್ತದ್ದು ಆಚೆ ಪೂರ್ವ ಕರಾವಳಿಯಲ್ಲಿ.

ಹಾಗಾಗಿ ನಾನು ಈಗ ಕೇಳುವುದು ಮೂರೇ ಪ್ರಶ್ನೆ. ಎಲ್ಲಿ ದಡ ದಾಟುತ್ತದೆ? ದಾಟಿದ ಮೇಲೆ ಎಷ್ಟು ನಿಧಾನ ನಡೆಯುತ್ತದೆ? ನನ್ನ ಭತ್ತ ಯಾವ ಹದದಲ್ಲಿದೆ?

ನಕ್ಷೆಯ ಮೇಲೆ ಚುಕ್ಕಿ

ಮಗನ ಶಾಲೆಗೆ ತರುವ ಭಾರತದ ಖಾಲಿ ನಕ್ಷೆ ಇದೆಯಲ್ಲ, ಅದನ್ನೊಂದು ತನ್ನಿ. ಅಕ್ಷಾಂಶ, ರೇಖಾಂಶದ ಗೆರೆ ಇರುವಂಥದ್ದು. ಮಂಡ್ಯಕ್ಕೆ ಒಂದು ಗುರುತು ಹಾಕಿ: 12.5 ಉತ್ತರ, 77 ಪೂರ್ವ. ಪುದುಚೇರಿ 12 ಉತ್ತರ, 80 ಪೂರ್ವ. ಚೆನ್ನೈ 13 ಉತ್ತರ, 80ರಿಂದ ಕೊಂಚ ಆಚೆ. ಕೆಳಗೆ ನಾಗಪಟ್ಟಣ, ಮೇಲೆ ನೆಲ್ಲೂರು ಗುರುತಿಸಿಕೊಳ್ಳಿ.

ಭಾರತೀಯ ಹವಾಮಾನ ಇಲಾಖೆಯ ವೆಬ್‌ಸೈಟಿನಲ್ಲಿ ಚಂಡಮಾರುತಕ್ಕೇ ಒಂದು ಪುಟ ಇದೆ. ಅಲ್ಲಿನ ವರದಿ ಇಂಗ್ಲಿಷಿನಲ್ಲಿರುತ್ತದೆ, ಹೆದರಬೇಡಿ. ನಮಗೆ ಬೇಕಾದ್ದು ಅಂಕಿಗಳು. ಯಾವ ಗಂಟೆಗೆ, ಎಷ್ಟು ಉತ್ತರ, ಎಷ್ಟು ಪೂರ್ವ. ನಾನು ಬೆಳಿಗ್ಗೆ 8:30ರದ್ದು ಮತ್ತು ಸಂಜೆ 5:30ರದ್ದು ಎರಡೇ ತೆಗೆದುಕೊಳ್ಳುತ್ತೇನೆ. ಎಲ್ಲಾದರೂ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಗಡಿಯಾರದ ಸಮಯ) ಅಂತ ಬರೆದಿದ್ದರೆ ಐದೂವರೆ ಗಂಟೆ ಕೂಡಿಸಿಕೊಳ್ಳಿ. ಮೂರು ಮೂರು ಗಂಟೆಗೆ ಮೊಬೈಲ್ ತಿಕ್ಕುತ್ತಾ ಕೂತರೆ ತಲೆ ಕೆಡುತ್ತದೆ, ಬೇರೇನೂ ಸಿಗಲ್ಲ.

ಎರಡು ಚುಕ್ಕಿ ಬಿದ್ದರೆ ವೇಗ ನೀವೇ ಹೇಳಬಹುದು. ಉತ್ತರ ದಕ್ಷಿಣಕ್ಕೆ ಒಂದು ಡಿಗ್ರಿ ಅಂದರೆ ಸುಮಾರು 111 ಕಿಲೋಮೀಟರ್. ನಮ್ಮ ಕಡೆ ಪೂರ್ವ ಪಶ್ಚಿಮಕ್ಕೂ ಹೆಚ್ಚುಕಮ್ಮಿ ಅಷ್ಟೇ. ನಿನ್ನೆ ಸಂಜೆ 9.5ರಲ್ಲಿದ್ದದ್ದು ಇವತ್ತು ಬೆಳಿಗ್ಗೆ 10.5ಕ್ಕೆ ಬಂದಿದೆ ಅನ್ನಿ. ಹದಿನೈದು ಗಂಟೆಯಲ್ಲಿ 111 ಕಿಲೋಮೀಟರ್. ಗಂಟೆಗೆ ಏಳು ಚಿಲ್ಲರೆ. ಸೈಕಲ್ಲಿಗಿಂತ ನಿಧಾನ. ಇಂಥದ್ದನ್ನು ಕಂಡರೆ ನನಗೆ ಭಯ. 120 ಕಿಲೋಮೀಟರ್ ಗಾಳಿಯಿದ್ದು ದಡಬಡ ಅಂತ ಹೋಗಿಬಿಡುವುದು ಕರಾವಳಿಯವರಿಗೆ ಕೇಡು. ಗಾಳಿ ಕಡಿಮೆಯಿದ್ದು ಕಾಲೆಳೆದುಕೊಂಡು ಬರುವುದು ನಮ್ಮ ಭತ್ತಕ್ಕೆ ಕೇಡು.

ಇನ್ನು ಎಲ್ಲಿ ದಾಟುತ್ತದೆ ಅನ್ನೋದು. ನಮ್ಮ ಭೂಗೋಳಾರ್ಧದಲ್ಲಿ ಈ ಸುಳಿ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ. ಅದರ ಉತ್ತರದ ಬದಿಯಲ್ಲಿ ಗಾಳಿ ಸಮುದ್ರದಿಂದ ನೆಲದ ಕಡೆಗೆ ಬೀಸುತ್ತದೆ, ನೀರು ಹೊತ್ತುಕೊಂಡು. ಸುಳಿ ಪುದುಚೇರಿ, ಕಡಲೂರಿನ ಕಡೆ ದಾಟಿ ಧರ್ಮಪುರಿ, ಕೃಷ್ಣಗಿರಿ ಹಾದಿ ಹಿಡಿದರೆ ಮಳೆ ನಮ್ಮ ಬಾಗಿಲಿಗೇ. ನೆಲ್ಲೂರು ದಾಟಿ ಮೇಲೆ ಹೋದರೆ ನಾವು ಅದರ ಒಣ ಬದಿಗೆ ಬೀಳುತ್ತೇವೆ. ಬರೀ ಮೋಡ, ಬರೀ ಚಳಿ. 2023ರ ಮಿಚಾಂಗ್ ಹಾಗೇ ಮಾಡಿತು. ಚೆನ್ನೈಯನ್ನು ಮುಳುಗಿಸಿ, ದಡದ ಉದ್ದಕ್ಕೇ ಸಾಗಿ, ಡಿಸೆಂಬರ್ 5ಕ್ಕೆ ಆಂಧ್ರದ ಬಾಪಟ್ಲದ ಹತ್ತಿರ ದಾಟಿತು. ಆ ಸಲ ನಾನು ಗದ್ದೆ ಮುಟ್ಟಲಿಲ್ಲ. ಹತ್ತು ದಿನ ಬಿಟ್ಟು ಬಿಸಿಲಲ್ಲಿ ಕೊಯ್ದೆವು. ಚೆನ್ನೈ ಸುತ್ತಮುತ್ತ ದಾಟುವಂಥದ್ದು ಮಾತ್ರ ಎರಡು ಮನಸ್ಸಿನದು. ಆಗ ದಾಟಿದ ಮೇಲಿನ ದಾರಿಯೇ ಮುಖ್ಯ.

ದಾರಿಗೆ ಗಾಳಿ ಮಳೆಯ ಮುನ್ಸೂಚನೆ ತೋರಿಸುವ ವಿಂಡಿ ಆ್ಯಪ್ ನೋಡುತ್ತೇನೆ. ಅದರಲ್ಲಿ ಯೂರೋಪಿನ ಲೆಕ್ಕ, ಅಮೆರಿಕದ ಲೆಕ್ಕ ಎರಡೂ ಸಿಗುತ್ತವೆ. ಎರಡೂ ಒಂದೇ ಮಾತು ಹೇಳಿದರೆ ನಂಬುತ್ತೇನೆ. ಒಂದು ಚೆನ್ನೈ ಅಂದು, ಇನ್ನೊಂದು ಒಡಿಶಾ ಅಂದರೆ ಆ್ಯಪ್ ಮುಚ್ಚಿ ಹಾಲು ಕರೆಯಲು ಹೋಗುತ್ತೇನೆ. ಐದು ದಿನಕ್ಕಿಂತ ಆಚೆಯದ್ದನ್ನು ಯಾರೇ ಹೇಳಲಿ, ಕಿವಿಗೆ ಹಾಕಿಕೊಳ್ಳುವುದಿಲ್ಲ. ಮಂಗಳವಾರ, ಶುಕ್ರವಾರ ಬರುವ ಕೃಷಿ ಹವಾಮಾನ ಸಲಹೆ ಮೇಘದೂತ್ ಆ್ಯಪಿನಲ್ಲಿ ಕನ್ನಡದಲ್ಲೇ ಇರುತ್ತದೆ, ಅದನ್ನೂ ಓದಿ.

ಜಿಲ್ಲೆಗೆ ಹಳದಿ ಎಚ್ಚರಿಕೆ ಬಂದಿಲ್ಲ ಅಂತ ಸುಮ್ನೆ ಕೂರಬೇಡಿ. ಭಾರಿ ಮಳೆ ಅನ್ನೋ ಲೆಕ್ಕ ಶುರುವಾಗುವುದೇ ದಿನಕ್ಕೆ 64.5 ಮಿಲಿಮೀಟರಿನಿಂದ. ಕೊಯ್ದು ಹಾಕಿದ ಭತ್ತಕ್ಕೆ ಅಷ್ಟೆಲ್ಲ ಬೇಡ. ದಿನಕ್ಕೆ ಹತ್ತು ಮಿಲಿಮೀಟರ್, ಮೂರು ದಿನ ಬಿಸಿಲಿಲ್ಲ, ಸಾಕು.

ನಮ್ಮ ಅತ್ತೆಗೆ ಇದ್ಯಾವುದೂ ಬೇಕಿಲ್ಲ. ಚಂದ್ರನ ಸುತ್ತ ಬಳೆಯಂಥ ಬೆಳಕು ಕಂಡರೆ "ಕಣ ಗುಡಿಸಿಕೊಳ್ಳಿ" ಅಂತಾರೆ. ಪೂರ್ತಿ ಸುಳ್ಳಲ್ಲ. ದೂರದ ಚಂಡಮಾರುತದಿಂದ ಬಹಳ ಎತ್ತರದಲ್ಲಿ ತೆಳು ಮೋಡ ಹರಡಿ ಬಂದರೂ ಆ ಬಳೆ ಕಾಣುತ್ತದೆ. ಆದರೆ ಅದು ಯಾವ ಊರಲ್ಲಿ ದಡ ದಾಟುತ್ತದೆ ಅಂತ ಚಂದ್ರ ಹೇಳಲ್ಲ.

ತೆನೆಯನ್ನೂ ಕೇಳಿ

ಐದು ದಿನ ಮುಂಚೆ: ಗದ್ದೆಯ ನಾಲ್ಕು ಮೂಲೆಯಿಂದ ತೆನೆ ಕಿತ್ತು ಉಗುರಲ್ಲಿ ಒತ್ತಿ ನೋಡಿ. ಹಾಲು ಬಂದರೆ, ಹಿಟ್ಟಿನಂತೆ ಮೆತ್ತಗಿದ್ದರೆ, ಕೊಯ್ಯುವ ಮಾತೇ ಬೇಡ. ನೂರಕ್ಕೆ 80-85 ಕಾಳು ಹೊಂಬಣ್ಣ ಬಂದು, ಹಲ್ಲಲ್ಲಿ ಕಚ್ಚಿದರೆ ಕಟಕ್ ಅಂದರೆ ಕೊಯ್ಲಿಗೆ ಬಂದಿದೆ. ಅವತ್ತೇ ಕಟಾವು ಮೆಷಿನ್‌ನವನಿಗೆ ಫೋನ್ ಮಾಡಿ ಸರದಿ ಹಿಡಿಯಿರಿ. ಬೇಡ ಅನ್ನಿಸಿದರೆ ಆಮೇಲೆ ಬಿಡಬಹುದು. ಸುದ್ದಿ ಊರಿಗೆಲ್ಲ ಹಬ್ಬಿದ ಮೇಲೆ ಕೇಳಿದರೆ ಗಂಟೆಗೆ ಐನೂರು ಜಾಸ್ತಿ ಅಂತಾನೆ, ಬರುವುದೂ ಮಳೆ ಬಂದ ಮೇಲೆ.

ಮೂರು ದಿನ ಮುಂಚೆ ನಿರ್ಧಾರ. ಕಾಳು ಗಟ್ಟಿಯಾಗಿದೆ, ದಾರಿ ನಮ್ಮ ಕಡೆಗಿದೆ, ನಡಿಗೆ ನಿಧಾನವಿದೆ. ಮೂರೂ ಕೂಡಿದರೆ ಕೊಯ್ಯಿರಿ, ಮೆಷಿನ್ನಿನಲ್ಲೇ ಕೊಯ್ಯಿರಿ. ಕೈಯಲ್ಲಿ ಕೊಯ್ದರೆ ಅರಿ ಒಣಗಲು ಮೂರು ನಾಲ್ಕು ಬಿಸಿಲು ಬೇಕು, ಆ ಬಿಸಿಲು ಎಲ್ಲಿದೆ? ಮೂರರಲ್ಲಿ ಒಂದು ತಪ್ಪಿದರೂ ನಾನು ಬಿಡುತ್ತೇನೆ. ನಿಂತ ಭತ್ತ ಮಳೆ ತಡೆದುಕೊಳ್ಳುವಷ್ಟು ಅರಿ ಹಾಕಿದ ಭತ್ತ ತಡೆಯುವುದಿಲ್ಲ.

ಕೊಯ್ಯದೆ ಬಿಡುವುದೂ ಒಂದು ಕೆಲಸವೇ. ತೂಬು ಮುಚ್ಚಿ, ಕೆಳಗಿನ ಬದು ಕಡಿದು ಗದ್ದೆಯ ನೀರು ಪೂರ್ತಿ ಬಸಿದುಬಿಡಿ. ನೆಲ ಮೆತ್ತಗಿದ್ದರೆ ಸಣ್ಣ ಗಾಳಿಗೂ ಪೈರು ಮಲಗುತ್ತದೆ. ಬಲಿತ ಭತ್ತ ಮಲಗಿ ನೀರಲ್ಲಿ ನೆನೆದರೆ, ಮಳೆ ಬಿಟ್ಟ ಕೂಡಲೇ ಲೀಟರಿಗೆ 50 ಗ್ರಾಂ ಅಡಿಗೆ ಉಪ್ಪು ಕರಗಿಸಿ ತೆನೆಯ ಮೇಲೆ ಸಿಂಪಡಿಸಬಹುದು. ಮೊಳಕೆ ತಡವಾಗುತ್ತದೆ.

2024ರ ಫೆಂಗಲ್ ಹೊತ್ತಿಗೆ ನನ್ನ ನಕ್ಷೆ ಹೀಗಿತ್ತು. ನವೆಂಬರ್ 26, ಮಂಗಳವಾರದಿಂದ ಚುಕ್ಕಿಗಳು ಶ್ರೀಲಂಕಾದ ಪಕ್ಕದಲ್ಲಿ ಒಂದಕ್ಕೊಂದು ಅಂಟಿಕೊಂಡೇ ಬೀಳುತ್ತಿದ್ದವು. 28ಕ್ಕೆ ಇಲಾಖೆಯವರೇ ಇದು ಚಂಡಮಾರುತವಾಗಿ ಅಲ್ಲ, ತೀವ್ರ ಕುಸಿತವಾಗಿ ಪುದುಚೇರಿ ಹತ್ತಿರ ದಾಟಬಹುದು ಅಂದರು. ಊರಲ್ಲಿ ಎಲ್ಲ "ಬಲ ಕಳ್ಕೊಂಡಿದೆ ಬಿಡಿ" ಅಂದರು. ನನಗೆ ನೆನಪಾದದ್ದು 2021. ದಾರಿ ನಮ್ಮದು, ನಡಿಗೆ ನಿಧಾನ, ಕಾಳು ಗಟ್ಟಿ. 29ರ ಸಂಜೆ ಮೆಷಿನ್ ಗದ್ದೆಗಿಳಿಯಿತು, ದೀಪ ಹಾಕಿಕೊಂಡು ರಾತ್ರಿ ಹತ್ತಕ್ಕೆ ಮುಗಿಸಿತು. ಅದೇ 29ರ ಮಧ್ಯಾಹ್ನ ಅದು ಮತ್ತೆ ಬಲ ತುಂಬಿಕೊಂಡು ಚಂಡಮಾರುತ ಆಗಿತ್ತು. 30ರ ರಾತ್ರಿ ಪುದುಚೇರಿ ಹತ್ತಿರ ದಾಟಿ, ಅಲ್ಲೇ ಅಲುಗಾಡದೆ ಕೂತಿತು. ಪುದುಚೇರಿಯಲ್ಲಿ ಒಂದೇ ದಿನ 48 ಸೆಂಟಿಮೀಟರ್ ಮಳೆ. ಆಮೇಲೆ ಕುಗ್ಗಿ ಪಶ್ಚಿಮಕ್ಕೆ ತಿರುಗಿ, ಡಿಸೆಂಬರ್ 2, 3ರಲ್ಲಿ ನಮ್ಮನ್ನು ನೆನೆಸಿತು.

ಕೊಯ್ದು ಮುಗಿಸಿದೆ ಅಂತ ಬೀಗಬೇಡಿ, ಹಸಿ ಭತ್ತ ಇನ್ನೊಂದು ಗೋಳು. ಚೀಲಕ್ಕೆ ತುಂಬಿಟ್ಟರೆ ಮರುದಿನ ಕೈ ಇಟ್ಟಾಗ ಒಳಗೆ ಬಿಸಿ. ನಾವು ಅರ್ಧದಷ್ಟನ್ನು ಹಸಿಯಲ್ಲೇ ಮಾರಿದೆವು, ತೇವಕ್ಕೆ ಕಡಿತ ಆಯಿತು. ಉಳಿದದ್ದನ್ನು ಸಮುದಾಯ ಭವನದಲ್ಲಿ ತೆಳುವಾಗಿ ಹರಡಿ, ಎರಡು ಫ್ಯಾನ್ ಹಾಕಿ, ಎರಡೆರಡು ಗಂಟೆಗೆ ಕಾಲಲ್ಲಿ ಆಡಿಸಿದೆವು. ಸರ್ಕಾರದ ಖರೀದಿಗೆ ತೇವ ನೂರಕ್ಕೆ 17 ಮೀರಬಾರದು. ಆದ್ದರಿಂದ ಎಲ್ಲಿ ಹರಡುತ್ತೀರಿ ಅನ್ನೋದನ್ನು ಮೆಷಿನ್ ಕರೆಯುವ ಮೊದಲೇ ನೋಡಿಕೊಳ್ಳಿ. ಜಾಗವಿಲ್ಲದಿದ್ದರೆ, ಹಸಿ ಭತ್ತ ಕೊಳ್ಳುವವರೂ ಇಲ್ಲದಿದ್ದರೆ, ಗದ್ದೆಯಲ್ಲೇ ಇರಲಿ.

ಉಳಿದ ಸಣ್ಣಪುಟ್ಟದ್ದು: ಹಸುವಿಗೆ ನಾಲ್ಕು ದಿನದ ಹುಲ್ಲು ಒಳಗೆ, ಮೆದೆಯ ಮೇಲೆ ಟಾರ್ಪಾಲು, ಅದರ ಅಂಚಿಗೆ ಕಲ್ಲು. ಗೊನೆ ಬಿಟ್ಟ ಬಾಳೆಗೆ ಊರುಗೋಲು. ಮೊಬೈಲ್ ಚಾರ್ಜು. ಕಡಿದು ಬಿದ್ದ ಕರೆಂಟ್ ತಂತಿಯ ಹತ್ತಿರ ಯಾರೂ ಸುಳಿಯಬಾರದು.

ಬೆಳೆ ವಿಮೆ ಕಟ್ಟಿದ್ದರೆ, ಕೊಯ್ದು ಗದ್ದೆಯಲ್ಲಿ ಒಣಹಾಕಿದ ಬೆಳೆ ಹದಿನಾಲ್ಕು ದಿನದೊಳಗೆ ಚಂಡಮಾರುತಕ್ಕೋ ಅಕಾಲ ಮಳೆಗೋ ಹಾಳಾದರೂ ಕೇಳಬಹುದು. ಆದರೆ 72 ಗಂಟೆಯೊಳಗೆ ತಿಳಿಸಬೇಕು. 14447ಕ್ಕೆ ಫೋನ್ ಮಾಡಿ. 2021ರಲ್ಲಿ ನಾನು ಮಳೆ ಪೂರ್ತಿ ನಿಲ್ಲಲಿ ಅಂತ ಐದು ದಿನ ಕಾದೆ. ಈಗ ಮೊದಲ ದಿನವೇ ಗದ್ದೆಯ ಬದುವಿನಲ್ಲಿ ನಿಂತು, ಪಕ್ಕದವರ ತೆಂಗಿನಮರ ಕಾಣುವ ಹಾಗೆ ಫೋಟೋ ತೆಗೆಯುತ್ತೇನೆ. ಯಾವ ಗದ್ದೆ ಅಂತ ಆಮೇಲೆ ಯಾರೂ ತಕರಾರು ತೆಗೆಯಬಾರದು, ಅಲ್ವಾ?