ಸೊನೆಯ ವಾಸನೆ ಫೋನಿನಲ್ಲಿ ಬರುವುದಿಲ್ಲ

ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಬಸ್ಸಿಳಿದು ಎರಡು ಕಿಲೋಮೀಟರ್ ನಡೆಯಬೇಕು. ಮನೆಯಲ್ಲಿ ಮಾಡುವುದು ಅಪ್ಪೆಮಿಡಿ ಉಪ್ಪಿನಕಾಯಿ, ಅಂದರೆ ಪರಿಮಳದ ಎಳೆ ಮಾವಿನಕಾಯಿಯದ್ದು. ಮಾಡುವ ವಿದ್ಯೆ ಅತ್ತೆಯದು, ನನ್ನದೇನಿಲ್ಲ. ಅವರು ಮೂವತ್ತು ವರ್ಷದಿಂದ ನೆಂಟರಿಗೆ, ಊರಿನವರಿಗೆ, ಸಾಗರದ ಎರಡು ಅಂಗಡಿಗೆ ಮಾಡಿಕೊಡುತ್ತಿದ್ದರು. ನಾನು ಕಲಿತದ್ದು ಮಾರುವುದನ್ನು. ಅದೂ ಬೇರೆ ದಾರಿ ಇಲ್ಲದೆ.

ಮಿಡಿ ಬರುವುದು ಫೆಬ್ರವರಿ ಕೊನೆಯಿಂದ. 2020ರಲ್ಲೂ ಹಾಗೆಯೇ ಬಂತು. ಮರ ಹತ್ತುವವರು ಬಂದು, ಕೊಯ್ದು, ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಮೆಲ್ಲಗೆ ಇಳಿಸಿ ಕೊಟ್ಟರು. ನೆಲಕ್ಕೆ ಬಿದ್ದ ಮಿಡಿ ಉಪ್ಪಿನಕಾಯಿಗೆ ಆಗುವುದಿಲ್ಲ. ಪೆಟ್ಟು ತಿಂದ ಒಂದು ಮಿಡಿ ಇಡೀ ಭರಣಿ ಕೆಡಿಸುತ್ತದೆ. ಐದು ಭರಣಿ ತುಂಬ ಹರಳುಪ್ಪು ಹಾಕಿ, ಮೇಲೆ ಕಲ್ಲು ಹೇರಿ ಇಟ್ಟೆವು. ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಯಿತು. ಸಾಗರದ ಅಂಗಡಿಗಳು ಬಾಗಿಲು ಹಾಕಿದವು. ಬೆಂಗಳೂರಿನ ಒಂದು ಕಾಂಡಿಮೆಂಟ್ಸ್ ಅಂಗಡಿ ಆ ವರ್ಷ ಹೊಸದಾಗಿ 60 ಕೆಜಿ ಕೇಳಿತ್ತು. ಅದನ್ನು ನಂಬಿಯೇ ಜಾಸ್ತಿ ಮಿಡಿ ಕೊಂಡಿದ್ದೆವು. ಜೂನ್‌ನಲ್ಲಿ ಫೋನ್ ಮಾಡಿದರೆ, "ಈಗ ಬೇಡ ಮೇಡಂ, ವ್ಯಾಪಾರವೇ ಇಲ್ಲ" ಎಂದರು. ಅವರ ಕಷ್ಟ ಅವರಿಗೆ. ಮಿಡಿ ಮಾತ್ರ ಉಪ್ಪಿನಲ್ಲಿ ಚಿರುಟಿಕೊಂಡು ನಮ್ಮ ಮನೆಯಲ್ಲೇ ಕೂತಿತ್ತು.

ಬೆಂಗಳೂರಿನಲ್ಲಿರುವ ನಾದಿನಿ ತನ್ನ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಹಾಕಿದಳು. ಅಂಥ ಚೆಂದದ ಫೋಟೋ ಏನಲ್ಲ. ಭರಣಿ, ಪಕ್ಕದಲ್ಲಿ ಅತ್ತೆಯ ಕೈ, ಹಿಂದೆ ಕತ್ತಲೆ. "ನಮ್ಮಮ್ಮ ಮಾಡಿದ್ದು, ಯಾರಿಗಾದರೂ ಬೇಕಾ?" ಎಂದು ಬರೆದಿದ್ದಳು. ರಾತ್ರಿಯಾಗುವಷ್ಟರಲ್ಲಿ 11 ಬಾಟಲಿಗೆ ಜನ ಹೆಸರು ಕೊಟ್ಟಿದ್ದರು. ನನಗೆ ಆಶ್ಚರ್ಯವಾದದ್ದು ಬೇರೆ ವಿಷಯಕ್ಕೆ. ಹನ್ನೊಂದರಲ್ಲಿ ನಾಲ್ಕು ಜನ ರೇಟೇ ಕೇಳಿರಲಿಲ್ಲ.

ಅದರ ಬೆನ್ನಿಗೆ ನಾನು ಒಂದು ದೊಡ್ಡ ದಡ್ಡತನ ಮಾಡಿದೆ. ಫೋನಿನಲ್ಲಿದ್ದ ನಂಬರುಗಳನ್ನೆಲ್ಲ ಸೇರಿಸಿ ಒಂದು ಗ್ರೂಪ್ ಮಾಡಿಬಿಟ್ಟೆ. ಮಗನ ಶಾಲೆಯ ಅಮ್ಮಂದಿರು, ಗೊಬ್ಬರದ ಅಂಗಡಿಯವರು, ಮದುವೆಯಲ್ಲಿ ಸಿಕ್ಕಿದ್ದವರು, ಎಲ್ಲರೂ ಅದರೊಳಗೆ. ಒಬ್ಬರನ್ನೂ ಕೇಳಿರಲಿಲ್ಲ. ಅರ್ಧ ಗಂಟೆಯಲ್ಲಿ ಜನ ಸಾಲಾಗಿ ಹೊರಗೆ ಹೋದರು. ಹೋದವರ ಹೆಸರೆಲ್ಲ ಕಾಣಿಸುತ್ತಿತ್ತಲ್ಲ, ಅದೇ ದೊಡ್ಡ ಮುಜುಗರ. ನಮ್ಮ ದೊಡ್ಡಪ್ಪ ಫೋನ್ ಮಾಡಿ, "ಏನೇ, ಉಪ್ಪಿನಕಾಯಿ ಬೇಕಾದರೆ ನಾನೇ ಬಂದು ತಗೊಂಡು ಹೋಗ್ತೇನಲ್ಲ, ದಿನಕ್ಕೆ ನಾಲ್ಕು ಸಲ ಫೋನು ಕುಂಯ್ ಅಂತದೆ" ಎಂದು ಬೈದರು. ಗ್ರೂಪ್ ಅಳಿಸಿದೆ.

ಆಮೇಲೆ ವಾಟ್ಸಾಪ್ ಬಿಸಿನೆಸ್ ಹಾಕಿಕೊಂಡೆ. ಅದು ಬಿಟ್ಟಿ ಸಿಗುತ್ತದೆ. ಅಂಗಡಿಗೆಂದೇ ಬೇರೆ ಸಿಮ್ ತೆಗೆದುಕೊಂಡೆ. ಅದರಲ್ಲಿ ಕ್ಯಾಟಲಾಗ್ ಇದೆ, ಬಾಟಲಿಯ ಫೋಟೋ, ತೂಕ, ರೇಟು ಹಾಕಿಟ್ಟರೆ ದಿನಕ್ಕೆ ಇಪ್ಪತ್ತು ಸಲ ಅದನ್ನೇ ಹೇಳುವುದು ತಪ್ಪುತ್ತದೆ. ಲೇಬಲ್ ಅಂತ ಇದೆ, ಯಾರದು ದುಡ್ಡು ಬಂತು, ಯಾರದು ಬಾಕಿ, ಯಾರಿಗೆ ಪಾರ್ಸೆಲ್ ಹೋಯಿತು ಎಂದು ಬಣ್ಣ ಬಣ್ಣದ ಚೀಟಿ ಅಂಟಿಸಿದ ಹಾಗೆ. ಇವೆಲ್ಲ ಒಂದು ಮಧ್ಯಾಹ್ನದಲ್ಲಿ ಕಲಿಯುವಂಥವು. ನನಗೆ ತಿಳಿಯಲು ಒಂದು ವರ್ಷ ಹಿಡಿದದ್ದು ಬ್ರಾಡ್‌ಕಾಸ್ಟಿನ ಗುಟ್ಟು.

ಬ್ರಾಡ್‌ಕಾಸ್ಟ್ ಎಂದರೆ ಒಂದೇ ಮೆಸೇಜು ಪಟ್ಟಿಯಲ್ಲಿರುವ ಎಲ್ಲರಿಗೂ ಬೇರೆ ಬೇರೆಯಾಗಿ ಹೋಗುತ್ತದೆ. ಒಂದು ಪಟ್ಟಿಯಲ್ಲಿ 256 ಜನ. ಗ್ರೂಪಿನ ಹಾಗೆ ಒಬ್ಬರಿಗೊಬ್ಬರು ಕಾಣುವುದಿಲ್ಲ. ಆದರೆ ನಮ್ಮ ನಂಬರನ್ನು ಯಾರು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡಿದ್ದಾರೋ ಅವರಿಗೆ ಮಾತ್ರ ತಲುಪುತ್ತದೆ. 2021ರ ಮಾರ್ಚ್‌ನಲ್ಲಿ "ಹೊಸ ಮಿಡಿ ಬಂದಿದೆ" ಎಂದು ಖುಷಿಯಿಂದ 180 ಜನರಿಗೆ ಕಳಿಸಿದೆ. ತಲುಪಿದ್ದು 40 ಚಿಲ್ಲರೆ ಜನಕ್ಕೆ. ಉಳಿದವರು ಉಪ್ಪಿನಕಾಯಿ ತಿಂದು ಮುಗಿಸಿದ್ದರು, ನಂಬರು ಮಾತ್ರ ಇಟ್ಟುಕೊಂಡಿರಲಿಲ್ಲ. ಯಾಕೆ ಇಟ್ಟುಕೊಳ್ಳುತ್ತಾರೆ? ನಾನು ಹೇಳಿಯೇ ಇರಲಿಲ್ಲ.

ಅಂದಿನಿಂದ ಪ್ರತಿ ಪಾರ್ಸೆಲಿನಲ್ಲಿ ಒಂದು ಚೀಟಿ ಇಡುತ್ತೇನೆ. ಕೈಬರಹದ್ದು, ಜೆರಾಕ್ಸ್ ಮಾಡಿಸಿದ್ದು. "ಮಿಡಿ ವರ್ಷಕ್ಕೆ ಒಂದೇ ಸಲ ಬರುತ್ತದೆ. ಬಂದಾಗ ಹೇಳಬೇಕೆಂದಿದ್ದರೆ ಈ ನಂಬರು ಸೇವ್ ಮಾಡಿಕೊಂಡು ‘ಮಿಡಿ’ ಅಂತ ಒಂದು ಮೆಸೇಜ್ ಹಾಕಿ. ವರ್ಷಕ್ಕೆ ನಾಲ್ಕಕ್ಕಿಂತ ಜಾಸ್ತಿ ಸಲ ತೊಂದರೆ ಕೊಡುವುದಿಲ್ಲ." ಆ ನಾಲ್ಕು ಎನ್ನುವ ಮಾತನ್ನು ಇಂದಿಗೂ ಮೀರಿಲ್ಲ. ಹಬ್ಬದ ಶುಭಾಶಯ, ಗುಡ್ ಮಾರ್ನಿಂಗ್ ಹೂವು, ಯಾವುದೂ ಇಲ್ಲ. ಜನ ನನ್ನನ್ನು ಏನೆಂದು ಸೇವ್ ಮಾಡಿಕೊಂಡಿದ್ದಾರೆ ಅಂತ ಕೇಳಿದ್ದೇನೆ. ಮಿಡಿ ಅಕ್ಕ, ಮಿಡಿ ಆಂಟಿ, ಉಪ್ಪಿನಕಾಯಿ ಸಾಗರ. ಒಬ್ಬರು "ಅಪ್ಪೆ ಅರ್ಜೆಂಟ್" ಎಂದು ಇಟ್ಟುಕೊಂಡಿದ್ದರು. ಅವರ ಹೆಂಡತಿ ಆಗ ಬಸುರಿ.

ಇನ್‌ಸ್ಟಾಗ್ರಾಂ ಕಥೆ ಬೇರೆ. ಅದರ ಚಿಕ್ಕ ವಿಡಿಯೋಗಳು, ರೀಲ್ಸ್, ನಮ್ಮ ದೇಶಕ್ಕೆ ಬಂದದ್ದು 2020ರ ಜುಲೈನಲ್ಲಿ, ಟಿಕ್‌ಟಾಕ್ ನಿಂತ ಮರುವಾರ. ನಾನು ಶುರು ಮಾಡಿದ್ದು ಅದಾದ ಆರು ತಿಂಗಳಿಗೆ. ಮೊದಲು ಬೇರೆಯವರನ್ನು ನೋಡಿ ಬಿಳಿ ತಟ್ಟೆ, ಪಕ್ಕಕ್ಕೆ ಎರಡು ದಾಸವಾಳ, ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಅಪ್ಪೆಮಿಡಿಗೆ ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯದ್ದೇ ಎನ್ನುವ ಸರಕಾರದ ಗುರುತು, ಸಿಕ್ಕಿದೆ ಎಂದೂ ಒಂದು ಪೋಸ್ಟ್ ಮಾಡಿದೆ. ಲೈಕು 14 ಬಂತು, ಅದರಲ್ಲಿ ಒಂಬತ್ತು ನೆಂಟರದ್ದು.

ನನ್ನ ತೊಂದರೆ ಏನೆಂದರೆ, ಅಪ್ಪೆಮಿಡಿಯಲ್ಲಿ ಮಾರುವ ವಸ್ತುವೇ ಪರಿಮಳ. ನಮ್ಮ ಕಡೆ ತೊಟ್ಟು ಮುರಿದು ಮೂಸಿ ನೋಡಿಯೇ ಮರದ ಬೆಲೆ ಕಟ್ಟುತ್ತಾರೆ. ಒಂದು ಮರದ್ದು ಜೀರಿಗೆ ವಾಸನೆ, ಇನ್ನೊಂದರದ್ದು ಕರ್ಪೂರದ ಹಾಗೆ. ಫೋನಿನಲ್ಲಿ ಅದನ್ನು ಹೇಗೆ ಕಳಿಸುವುದು? "ಘಮಘಮ" ಎಂದು ಬರೆದರೆ ಯಾರ ಮೂಗೂ ಅರಳುವುದಿಲ್ಲ.

ಒಂದು ದಿನ ಅತ್ತೆ ಹಿತ್ತಿಲಲ್ಲಿ ಕೂತು ಮಿಡಿ ಆರಿಸುತ್ತಿದ್ದರು. ಸುಮ್ನೆ ಫೋನ್ ಹಿಡಿದೆ. "ಮುಖ ತೆಗೀಬೇಡ ಮಾರಾಯ್ತಿ" ಎಂದರು. ಸರಿ, ಕೈ ಮಾತ್ರ. ಅವರು ಒಂದು ಮಿಡಿಯ ತೊಟ್ಟು ಮುರಿದರು. ಟಿಕ್ ಎಂದಿತು, ಸೊನೆ ಚಿಮ್ಮಿತು. ಮೂಗಿನ ಹತ್ತಿರ ಹಿಡಿದು, "ಹ್ಞಾ, ಇದು ಜೀರಿಗೆ" ಎಂದರು. ಇಷ್ಟೇ, 12 ಸೆಕೆಂಡು. ಹಾಡಿಲ್ಲ. ಹಿಂದೆ ಕೋಳಿ ಕೂಗಿದ್ದು ಹಾಗೇ ಉಳಿಯಿತು. ಬಿಸಿನೆಸ್ ಖಾತೆಗೆ ಸಿನಿಮಾ ಹಾಡುಗಳು ಹೆಚ್ಚಾಗಿ ಸಿಗುವುದೂ ಇಲ್ಲ, ಅದು ಒಳ್ಳೆಯದೇ ಆಯಿತು.

ಆ ರೀಲ್ ಓಡಿತು. ಕಮೆಂಟಿನಲ್ಲಿ ಜನ ನನ್ನ ಉಪ್ಪಿನಕಾಯಿಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ತಮ್ಮ ಅಜ್ಜಿಯ ಬಗ್ಗೆ ಬರೆದಿದ್ದರು. ಸೊನೆ ತಾಗಿ ತುಟಿ ಸುಟ್ಟುಕೊಂಡದ್ದು, ಭರಣಿಗೆ ಹಸಿ ಕೈ ಹಾಕಿ ಪೆಟ್ಟು ತಿಂದದ್ದು, ಹೊಳೆದಂಡೆಯ ಮರ ಕಡಿದುಹೋದದ್ದು. ಫೋನಿನಲ್ಲಿ ವಾಸನೆ ಬರುವುದಿಲ್ಲ ನಿಜ. ಆ ವಾಸನೆ ಗೊತ್ತಿದ್ದವರಿಗೆ ಟಿಕ್ ಅನ್ನುವ ಸದ್ದು ಸಾಕಾಗಿತ್ತು. ಅವರೇ ನನ್ನ ಗಿರಾಕಿಗಳು ಎನ್ನುವುದು ನನಗೆ ಅಂದು ಹೊಳೆಯಿತು. ಅಲ್ಲಿಂದ ಇಂಗ್ಲಿಷ್ ಬಿಟ್ಟೆ. ಮನೆಯಲ್ಲಿ ಆಡುವ ಮಾತನ್ನೇ ಬರೆಯತೊಡಗಿದೆ.

ಎರಡನೆಯ ಒಳ್ಳೆ ರೀಲ್ ಒಂದು ಜಗಳದಿಂದ ಹುಟ್ಟಿತು. "ಎಣ್ಣೆಯೇ ಹಾಕಿಲ್ಲ, ವಾರದಲ್ಲಿ ಬೂಸ್ಟು ಬರುತ್ತದೆ, ಜನರಿಗೆ ಮೋಸ" ಎಂದು ಒಬ್ಬರು ಬರೆದರು. ಆಂಧ್ರದ ಆವಕಾಯಿ ತಿಂದವರಿಗೆ ಹಾಗನ್ನಿಸುವುದು ಸಹಜ. ಕೋಪ ಬಂತು, ಉತ್ತರ ಬರೆಯಲಿಲ್ಲ. ಮರುದಿನ ಮೂರು ವರ್ಷ ಹಳೆಯ ಭರಣಿ ತೆರೆದು ತೋರಿಸಿದೆ. ಉಪ್ಪಿನಲ್ಲಿ ಮಿಡಿ ನೀರು ಬಿಡುತ್ತದೆ, ಚಿರುಟುತ್ತದೆ, ಆ ಉಪ್ಪುನೀರನ್ನು ಕುದಿಸಿ ಆರಿಸಿ ಅದರಲ್ಲೇ ಸಾಸಿವೆ, ಬ್ಯಾಡಗಿ ಮೆಣಸು ರುಬ್ಬುತ್ತೇವೆ, ಕೆಡದಂತೆ ಕಾಯುವುದು ಉಪ್ಪು ಎಂದು ಹೇಳಿದೆ. ನಾನು ಮಾಡಿದ ಯಾವ ಜಾಹೀರಾತೂ ಅಷ್ಟು ಬಾಟಲಿ ಮಾರಿಲ್ಲ. ಈಗ ರೀಲಿಗೆ ವಿಷಯ ಬೇಕೆಂದರೆ ಮೊದಲು ಮೆಸೇಜುಗಳನ್ನು ತೆಗೆದು ನೋಡುತ್ತೇನೆ. ಮೂರು ಜನ ಒಂದೇ ಪ್ರಶ್ನೆ ಕೇಳಿದ್ದರೆ ಅದೇ ವಿಷಯ.

ದುಡ್ಡು ಕೊಟ್ಟು ರೀಲನ್ನು ಹೆಚ್ಚು ಜನರಿಗೆ ತೋರಿಸುವುದಕ್ಕೂ ‘ಬೂಸ್ಟ್’ ಎನ್ನುತ್ತಾರೆ, ಅದನ್ನು ಮಾಡಿದ್ದೂ ಉಂಟು. ಮೊದಲ ಸಲ 500 ರೂಪಾಯಿ, ಇಡೀ ಕರ್ನಾಟಕಕ್ಕೆ. ಲೈಕು ರಾಶಿ ಬಂತು, ಆರ್ಡರು ಎರಡು. ಯಾವ ಊರಿನವರು ಯಾವಾಗ ನೋಡುತ್ತಾರೆ ಎಂದು ಇನ್‌ಸ್ಟಾಗ್ರಾಂ ತೋರಿಸುವ ಇನ್‌ಸೈಟ್ಸ್ ತೆಗೆದು ನೋಡಿದರೆ ನಮ್ಮನ್ನು ಫಾಲೋ ಮಾಡುವವರು ಹೆಚ್ಚಾಗಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಯವರು, ಫೋನ್ ನೋಡುವುದು ರಾತ್ರಿ ಒಂಬತ್ತರ ಮೇಲೆ. ಮುಂದಿನ ಸಲ ಬೆಂಗಳೂರಿಗೆ ಮಾತ್ರ, ವಯಸ್ಸು 30ರ ಮೇಲೆ, ಮೂರು ರಾತ್ರಿ. ಅದು ಪರವಾಗಿಲ್ಲ ಎನ್ನುವಷ್ಟು ಆಯಿತು. ಆಮೇಲೆ ಅದನ್ನೂ ಬಿಟ್ಟೆ. ಯಾಕೆಂದು ಹೇಳುತ್ತೇನೆ.

2022ರಲ್ಲಿ ಒಂದು ರೀಲ್ ನನ್ನ ಕೈಮೀರಿ ಓಡಿತು. ನಾಲ್ಕು ದಿನದಲ್ಲಿ 600ಕ್ಕೂ ಜಾಸ್ತಿ ಮೆಸೇಜು. ಮನೆಯಲ್ಲಿದ್ದದ್ದು 90 ಬಾಟಲಿ. ಬಟ್ಟೆ ವ್ಯಾಪಾರವಾದರೆ ಇನ್ನಷ್ಟು ತರಿಸಬಹುದು. ಮಾವಿನ ಮರಕ್ಕೆ ಯಾರು ಹೇಳುವುದು? ಒಂದು ವರ್ಷ ಜಗ್ಗಿ ಬಿಟ್ಟ ಮರ ಮರುವರ್ಷ ಸುಮ್ಮನೆ ನಿಲ್ಲುತ್ತದೆ. ಪರಿಚಯದವರು, "ಪೇಟೆಯಿಂದ ಮಿಡಿ ತಂದು ಮಾಡಿ, ಯಾರಿಗೆ ಗೊತ್ತಾಗ್ತದೆ" ಎಂದರು. ಆಸೆ ಆಯಿತು, ಸುಳ್ಳು ಹೇಳುವುದಿಲ್ಲ. ಎರಡು ಚೀಲ ತಂದೆ. ಅತ್ತೆ ಒಂದು ಮಿಡಿಯ ತೊಟ್ಟು ಮುರಿದು ಮೂಸಿ, ಮಾತಾಡದೆ ಎದ್ದು ಒಳಗೆ ಹೋದರು. ಆ ಎರಡು ಚೀಲ ನಮ್ಮ ಮನೆಯ ತಂಬುಳಿ, ಗೊಜ್ಜಿಗೇ ಆಯಿತು. 500 ಜನರಿಗೆ "ಮುಗಿಯಿತು, ಮುಂದಿನ ವರ್ಷ" ಎಂದು ಬರೆದೆ. ಜೊತೆಗೆ ನಂಬರು ಸೇವ್ ಮಾಡುವ ಮಾತು. ಅವರಲ್ಲಿ ನೂರರಷ್ಟು ಜನ ನಿಜವಾಗಿಯೂ ಮುಂದಿನ ಮಾರ್ಚ್‌ನಲ್ಲಿ ಬಂದರು. ಹೊಸಬರನ್ನು ದುಡ್ಡು ಕೊಟ್ಟು ಕರೆಯುವ ಕೆಲಸ ಅಲ್ಲಿಗೆ ಮುಗಿಯಿತು.

ಮೋಸಗಾರರೂ ಇದೇ ದಾರಿಯಲ್ಲಿ ಬರುತ್ತಾರೆ. ಮಿಲಿಟರಿ ಕ್ಯಾಂಟೀನಿಗೆ 20 ಕೆಜಿ ಬೇಕು ಎಂದು ಹಿಂದಿಯಲ್ಲಿ ಒಬ್ಬ ಫೋನ್ ಮಾಡಿದ. ರೇಟು ಚೌಕಾಸಿ ಮಾಡಲೇ ಇಲ್ಲ, ಅನುಮಾನ ಬರಬೇಕಿದ್ದದ್ದು ಅಲ್ಲೇ. ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿದರೆ ಅಡ್ವಾನ್ಸ್ ಬರುತ್ತದೆ ಎಂದ. ಸ್ಕ್ಯಾನ್ ಮಾಡಿದೆ ಕೂಡ. ಪಿನ್ ಕೇಳಿತು. ಪಕ್ಕದಲ್ಲಿದ್ದ ಮಗ, "ಅಮ್ಮ, ದುಡ್ಡು ಬರೋದಕ್ಕೆ ಪಿನ್ ಯಾಕೆ?" ಎಂದ. ಉಳಿದುಕೊಂಡೆ. ದುಡ್ಡು ಹೋಗಿಯೇಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು ಎಂಬುದು ಈಗ ನಮ್ಮ ಫ್ರಿಡ್ಜಿನ ಮೇಲೆ ಬರೆದಿದೆ.

ಕಾಗದಪತ್ರದ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐ ಸಂಸ್ಥೆಯ ನೋಂದಣಿ ಮನೆಯಲ್ಲಿ ಮಾಡುವವರಿಗೂ ಬೇಕು. ವರ್ಷದ ವ್ಯಾಪಾರ 12 ಲಕ್ಷದ ಒಳಗಿದ್ದಾಗ ನಾನು ಮಾಡಿಸಿದ್ದು, ಆಗ ಶುಲ್ಕ ವರ್ಷಕ್ಕೆ 100 ರೂಪಾಯಿ ಇತ್ತು. 14 ಅಂಕಿಯ ಆ ನಂಬರು ಲೇಬಲಿನ ಮೇಲೆ ಇರಬೇಕು. ಚೆನ್ನೈ, ಪುಣೆಯಿಂದ ಆರ್ಡರು ಬರತೊಡಗಿದಾಗ, ಬೇರೆ ರಾಜ್ಯಕ್ಕೆ ಸರಕು ಮಾರಲು ಜಿಎಸ್‌ಟಿ ಬೇಕು ಎಂದು ಆಡಿಟರು ಹೇಳಿ ಮಾಡಿಸಿದರು. ಇನ್ನು ಸೋರಿಕೆ. ಮೊದಲ ವರ್ಷ ಒಂದು ಕೊರಿಯರಿನಲ್ಲಿ ಹೋದ ಆರು ಬಾಟಲಿ ಯಾರದ್ದೋ ಮದುವೆ ಸೀರೆಯ ಪಾರ್ಸೆಲಿನ ಮೇಲೆ ಸೋರಿತು. ಆ ಹೆಂಗಸಿನ ಫೋನು ಬಂದ ದಿನ ನಾನು ಊಟ ಮಾಡಲಿಲ್ಲ. ಈಗ ಬಾಯಿಗೆ ಫಾಯಿಲ್ ಅಂಟಿಸುವ ಇಂಡಕ್ಷನ್ ಸೀಲಿಂಗ್ ಮಷಿನ್ ಇದೆ. ಬಾಟಲಿ ತಲೆಕೆಳಗೆ ಮಾಡಿ ಒಂದು ರಾತ್ರಿ ಇಟ್ಟು ನೋಡಿಯೇ ಕಳಿಸುವುದು. ಅದನ್ನೂ ಒಂದು ರೀಲ್ ಮಾಡಿದೆ. ಅದಕ್ಕೂ ಆರ್ಡರು ಬಂತು, ಹೆಚ್ಚಾಗಿ ಅಮೆರಿಕದಲ್ಲಿ ಮಕ್ಕಳಿರುವ ಅಪ್ಪ ಅಮ್ಮಂದಿರದ್ದು. ಸೂಟ್‌ಕೇಸಿನಲ್ಲಿ ಸೀರೆಯ ನಡುವೆ ಹೋಗಬೇಕಲ್ವಾ.

ಈ ವರ್ಷ ನಮ್ಮ ಮರಗಳು ಅರ್ಧಕ್ಕರ್ಧ ಸುಮ್ಮನಿವೆ. "ಮಿಡಿ ಕಮ್ಮಿ, ಹಳಬರಿಗೆ ಮೊದಲು, ಮನೆಗೆ ಎರಡೇ ಬಾಟಲಿ" ಎಂದು ಬ್ರಾಡ್‌ಕಾಸ್ಟ್ ಹಾಕಿದ್ದೇನೆ. ನಾಲ್ಕರಲ್ಲಿ ಒಂದು ಖರ್ಚಾಯಿತು. ಅತ್ತೆ ಇಂದಿಗೂ ಮುಖ ತೋರಿಸುವುದಿಲ್ಲ. ಆದರೆ ನಾನು ಫೋನ್ ಹಿಡಿದರೆ ಮಿಡಿಯನ್ನು ಬೆಳಕಿನ ಕಡೆ ತಿರುಗಿಸಿ ಹಿಡಿಯುತ್ತಾರೆ. ನಿನ್ನೆ ಭರಣಿಗೆ ಬಟ್ಟೆ ಕಟ್ಟುತ್ತಾ ಕೇಳಿದರು, "ಅದೇ, ಹೆಂಡತಿ ಬಸುರಿ ಅಂತ ಬರೆದಿದ್ದನಲ್ಲ, ಅವನಿಗೆ ಎತ್ತಿಟ್ಟೆಯಾ?" ಆ ಮಗುವಿಗೆ ಈಗ ಮೂರು ವರ್ಷ. ಅದಕ್ಕೂ ಮಿಡಿ ಬೇಕಂತೆ, ಖಾರ ತೊಳೆದು ಕೊಡುತ್ತಾರಂತೆ.